ಯಂತ್ರದ ಕೈಗೆ ಬೀಗದ ಕೈ

ಅರಸೀಕೆರೆಯ ಮಾರುಕಟ್ಟೆಯಲ್ಲಿ ತೆಂಗಿನಕಾಯಿಯನ್ನೋ ಕೊಬ್ಬರಿಯನ್ನೋ ಮಾರಿದ ರೈತನೊಬ್ಬನು, ಬಂದ ಹಣವನ್ನು ಊರಿನ ಸಣ್ಣ ಬ್ಯಾಂಕೊಂದರಲ್ಲಿ ಇಟ್ಟಿದ್ದಾನೆಂದು ಭಾವಿಸೋಣ. ಆ ಬ್ಯಾಂಕಿನ ಬಾಗಿಲಿಗೆ ಬೀಗವುಂಟು, ತಿಜೋರಿಗೆ ಕಾವಲುಂಟು. ಆದರೆ ಅವನ ಖಾತೆಯ ಲೆಕ್ಕ ಆ ತಿಜೋರಿಯಲ್ಲಿಲ್ಲ. ಅದು ದೂರದ ನಗರವೊಂದರಲ್ಲಿ, ಬ್ಯಾಂಕಿಗೆ ಸೇರದ ಬೇರೊಂದು ಕಂಪೆನಿಯ ಕಂಪ್ಯೂಟರಿನಲ್ಲಿ ಇರಬಹುದು. ಆ ಕಂಪೆನಿಯಾದರೂ ತನ್ನ ಕೆಲಸದ ಒಂದು ಭಾಗವನ್ನು ಮತ್ತೊಂದು ಕಂಪೆನಿಗೆ ವಹಿಸಿರಬಹುದು. ರೈತನು ನಂಬಿದುದು ಬ್ಯಾಂಕನ್ನು. ಆ ನಂಬಿಕೆಯ ಭಾರವನ್ನು ಹೊತ್ತಿರುವವರು ಅವನು ಹೆಸರನ್ನೂ ಕೇಳಿರದ ಹಲವರು.

ಇದು ಬರಿಯ ಊಹೆಯಲ್ಲ. 2024ರ ಜುಲೈ 31ರಂದು ನಮ್ಮ ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ವ್ಯವಹಾರ ಸ್ಥಗಿತವಾಯಿತು. ಅವುಗಳಲ್ಲಿ ಹೆಚ್ಚಿನವು ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳು. ಅವಕ್ಕೆಲ್ಲ ಕಂಪ್ಯೂಟರ್ ಸೇವೆಯನ್ನು ಒದಗಿಸುತ್ತಿದ್ದ ಸಿ-ಎಡ್ಜ್ ಟೆಕ್ನಾಲಜೀಸ್ ಎಂಬ ಸಂಸ್ಥೆಯು ‘ರಾನ್ಸಮ್‌ವೇರ್’ ದಾಳಿಗೆ ಗುರಿಯಾಗಿತ್ತು. ಕಡತಗಳನ್ನು ಗುಪ್ತಲಿಪಿಯಲ್ಲಿ ಬಂಧಿಸಿಟ್ಟು, ಬಿಡುಗಡೆಗೆ ಹಣ ಕೇಳುವ ದುಷ್ಟ ತಂತ್ರಾಂಶಕ್ಕೆ ಈ ಹೆಸರು. ದಾಳಿ ಇತರೆಡೆಗೆ ಹರಡದಿರಲೆಂದು ಭಾರತೀಯ ರಾಷ್ಟ್ರೀಯ ಪಾವತಿ ನಿಗಮವು ಆ ಸಂಸ್ಥೆಯನ್ನು ತನ್ನ ಜಾಲದಿಂದ ಬೇರ್ಪಡಿಸಿ, ಮರುದಿನ ಸಂಪರ್ಕವನ್ನು ಮರಳಿ ಕೊಟ್ಟಿತು. ಬೆಂಗಳೂರಿನ ಕ್ಲೌಡ್‌ಸೆಕ್ ಎಂಬ ಭದ್ರತಾ ಸಂಸ್ಥೆ ಈ ಘಟನೆಯನ್ನು ಶೋಧಿಸಿ, ದಾಳಿಯ ಸರಪಳಿ ಮೊದಲಾದುದು ಸಿ-ಎಡ್ಜ್‌ನೊಡನೆ ಕೆಲಸ ಮಾಡುತ್ತಿದ್ದ ಇನ್ನೊಂದು ಕಂಪೆನಿಯಲ್ಲಿ, ಸರಿಯಾಗಿ ಅಳವಡಿಸದೆ ಬಿಟ್ಟಿದ್ದ ಒಂದು ಕಂಪ್ಯೂಟರಿನಲ್ಲಿ ಎಂದು ತಿಳಿಸಿತು. ಎಲ್ಲಿಯೋ ಒಂದು ಕಿಟಕಿ ತೆರೆದಿತ್ತು. ನೂರಾರು ಬ್ಯಾಂಕುಗಳ ಗ್ರಾಹಕರು ಅದರ ಫಲವನ್ನು ಅನುಭವಿಸಿದರು.

ಆದಕಾರಣ ಹೊರಗಿನ ಕಂಪೆನಿಗಳ ಭದ್ರತೆಯನ್ನು ಮೊದಲೇ ಪರೀಕ್ಷಿಸುವುದು ಇಂದು ಒಂದು ಪ್ರತ್ಯೇಕ ವಿದ್ಯೆಯಾಗಿ ಬೆಳೆದಿದೆ. ಕೆಲಸವನ್ನು ಹೊರಗಿನವರಿಗೆ ವಹಿಸಿದ ಮಾತ್ರಕ್ಕೆ ಗ್ರಾಹಕನ ವಿಷಯದಲ್ಲಿ ಬ್ಯಾಂಕಿಗಿರುವ ಹೊಣೆ ಕಡಮೆಯಾಗದೆಂಬುದನ್ನು ರಿಸರ್ವ್ ಬ್ಯಾಂಕು 2023ರ ಏಪ್ರಿಲ್ ತಿಂಗಳ ನಿರ್ದೇಶನದಲ್ಲಿ ಸ್ಪಷ್ಟಪಡಿಸಿತು. ಇಂಥ ಪರೀಕ್ಷೆಯನ್ನು ನಡೆಸಲೆಂದೇ ಅಂತರಜಾಲದಲ್ಲಿ ಹಲವು ವೇದಿಕೆಗಳು ಏರ್ಪಟ್ಟಿವೆ. ಅವು ಕಂಪೆನಿಗೆ ನೂರಾರು ಪ್ರಶ್ನೆಗಳ ಪಟ್ಟಿಯೊಂದನ್ನು ಕಳಿಸುತ್ತವೆ: ಕೆಲಸ ಬಿಟ್ಟುಹೋದವನ ಪ್ರವೇಶವನ್ನು ಎಷ್ಟು ಬೇಗ ರದ್ದು ಮಾಡುತ್ತೀರಿ? ಕಡತಗಳ ಪ್ರತಿಗಳನ್ನು ಎಲ್ಲಿ ಇಡುತ್ತೀರಿ? ಐ.ಎಸ್.ಒ. 27001 ಮೊದಲಾದ ಪ್ರಮಾಣಪತ್ರಗಳನ್ನೂ ಪರಿಶೋಧಕರ ವರದಿಗಳನ್ನೂ ತರಿಸಿಕೊಳ್ಳುತ್ತವೆ. ಹೊರಗಿನಿಂದ ಕಾಣಬರುವ ಕಂಪ್ಯೂಟರುಗಳನ್ನು ತಾವೇ ನೋಡಿ, ಮುಚ್ಚದೆ ಬಿಟ್ಟ ದಾರಿಗಳಿವೆಯೇ ಎಂದು ಪರೀಕ್ಷಿಸುತ್ತವೆ. ಇವೆಲ್ಲವನ್ನೂ ಕೂಡಿಸಿ ಕೊನೆಗೆ ಕಂಪೆನಿಗೆ ಒಂದು ಅಂಕ ಕೊಡುತ್ತವೆ.

ಈಗ ಈ ವೇದಿಕೆಗಳಿಗೆ ಕೃತಕ ಬುದ್ಧಿಮತ್ತೆಯ ‘ಏಜೆಂಟು’ಗಳನ್ನು ಜೋಡಿಸುವ ಕಾಲ ಬಂದಿದೆ. ಏಜೆಂಟೆಂದರೆ ಪ್ರಶ್ನೆಗೆ ಉತ್ತರ ಹೇಳಿ ಸುಮ್ಮನಾಗುವ ಯಂತ್ರವಲ್ಲ. ಭಾಷೆಯನ್ನು ಗ್ರಹಿಸುವ ದೊಡ್ಡದೊಂದು ಗಣಿತೀಯ ಮಾದರಿಗೆ ಕೈಕಾಲುಗಳನ್ನು ಕೊಟ್ಟಂತೆ ಅದು. ಕಡತ ತೆರೆಯುತ್ತದೆ, ಓದುತ್ತದೆ, ಮುಂದಿನ ಹೆಜ್ಜೆಯನ್ನು ತಾನೇ ಆರಿಸಿ ವೇದಿಕೆಗೆ ಆಜ್ಞೆ ಕಳಿಸುತ್ತದೆ, ಬಂದ ಫಲವನ್ನು ನೋಡಿ ಮತ್ತೆ ಮುಂದುವರಿಯುತ್ತದೆ. ಆಂಥ್ರೊಪಿಕ್ ಕಂಪೆನಿ 2024ರ ನವೆಂಬರಿನಲ್ಲಿ ಪ್ರಕಟಿಸಿದ ‘ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್’ನಂಥ ಸಾಮಾನ್ಯ ನಿಯಮಾವಳಿಗಳಿಂದ ಈ ಜೋಡಣೆ ಬಹು ಸುಲಭವಾಗಿದೆ. ಅದು ಸುಲಭವಾದುದರಿಂದಲೇ ನಾವು ಯೋಚಿಸಬೇಕಾಗಿದೆ.

ಇದರಿಂದ ಪ್ರಯೋಜನವಿಲ್ಲವೆಂದು ನಾನು ಹೇಳಲಾರೆ. ದೊಡ್ಡ ಬ್ಯಾಂಕಿನಲ್ಲಿ ಈ ಕೆಲಸಕ್ಕೆಂದೇ ಒಂದು ತಂಡವಿರುತ್ತದೆ. ಸಣ್ಣ ಸಹಕಾರಿ ಬ್ಯಾಂಕಿನಲ್ಲಿ ಇದು ಬೇರೆ ಹತ್ತು ಕೆಲಸಗಳ ನಡುವೆ ಒಬ್ಬ ನೌಕರನ ಪಾಲಿಗೆ ಬೀಳುವುದುಂಟು. ನೂರು ಪುಟದ ವರದಿಯನ್ನು ಅವನು ಎಷ್ಟು ಶ್ರದ್ಧೆಯಿಂದ ಓದಿಯಾನು? ಏಜೆಂಟಾದರೆ ದಣಿಯದೆ ಓದಿ, ‘ಈ ಕಂಪೆನಿ ಪ್ರಶ್ನೆಪಟ್ಟಿಯಲ್ಲಿ ಹೌದೆಂದಿದೆ, ಆದರೆ ವರದಿಯ 62ನೆಯ ಪುಟ ಬೇರೆ ಮಾತು ಹೇಳುತ್ತಿದೆ’ ಎಂದು ಬೆರಳಿಟ್ಟು ತೋರಿಸಬಲ್ಲುದು. ಓದದೆ ಕಡತಕ್ಕೆ ಸೇರಿಸುವ ವರದಿಗಿಂತ ಯಂತ್ರ ಓದಿ ಗುರುತು ಹಾಕಿದ ವರದಿ ಮೇಲು. ಏಜೆಂಟನ್ನು ಹತ್ತಿರಕ್ಕೇ ಸೇರಿಸಬಾರದೆಂಬ ವಾದವನ್ನು ನಾನು ಒಪ್ಪದಿರುವುದು ಇದಕ್ಕಾಗಿಯೇ.

ಆದರೆ ಅದಕ್ಕೆ ಯಾವ ಅಧಿಕಾರವನ್ನು ಕೊಡಬೇಕು ಎಂಬುದು ಬೇರೆಯೇ ಪ್ರಶ್ನೆ. ಇಲ್ಲಿ ಎರಡು ಅಪಾಯಗಳುಂಟು.

ಮೊದಲನೆಯದು ಓದುವುದರಲ್ಲಿಯೇ ಅಡಗಿದೆ. ಭಾಷಾಮಾದರಿಗೆ ನಾವು ಕೊಡುವ ಆಜ್ಞೆಯೂ ಅದು ಓದುವ ಕಡತವೂ ಒಂದೇ ಮಾತಿನ ಪ್ರವಾಹವಾಗಿ ಒಳಹೊಗುತ್ತವೆ. ಅವೆರಡರ ನಡುವೆ ಭದ್ರವಾದ ಗೋಡೆಯಿಲ್ಲ. ಹೀಗಾಗಿ ಕಡತದೊಳಗೆ ಯಾರಾದರೂ ಒಂದು ಆಜ್ಞೆಯನ್ನು ಬಚ್ಚಿಟ್ಟಿದ್ದರೆ, ಯಂತ್ರವು ಅದನ್ನು ಯಜಮಾನನ ಮಾತೆಂದೇ ತಿಳಿದು ಪಾಲಿಸುವ ಸಂಭವವುಂಟು. 2025ರ ಜುಲೈ ತಿಂಗಳಲ್ಲಿ ಜಪಾನಿನ ನಿಕ್ಕೈ ಪತ್ರಿಕೆ ಒಂದು ಸಂಗತಿಯನ್ನು ಬಯಲಿಗೆ ತಂದಿತು. ಎಂಟು ದೇಶಗಳ 14 ವಿದ್ಯಾಸಂಸ್ಥೆಗಳಿಗೆ ಸೇರಿದ 17 ಸಂಶೋಧನ ಲೇಖನಗಳಲ್ಲಿ, ಬಿಳಿಯ ಹಾಳೆಯ ಮೇಲೆ ಬಿಳಿಯ ಅಕ್ಷರಗಳಂತೆ ಕಣ್ಣಿಗೆ ಕಾಣದ ಉಪಾಯಗಳಿಂದ, ಲೇಖನವನ್ನು ಹೊಗಳಬೇಕೆಂದು ಕೃತಕ ಬುದ್ಧಿಮತ್ತೆಗೆ ಆಜ್ಞೆಗಳನ್ನು ಬರೆದಿದ್ದರು. ವಿದ್ವಾಂಸರೇ ಹೀಗೆ ಮಾಡುವುದಾದರೆ, ಒಳ್ಳೆಯ ಅಂಕದ ಮೇಲೆ ಕೋಟಿಗಟ್ಟಲೆ ಹಣದ ಗುತ್ತಿಗೆ ನಿಂತಿರುವಾಗ ಕಂಪೆನಿಯೊಂದು ಹಾಗೆ ಮಾಡಲಾರದೇ? ಪರೀಕ್ಷೆಗೆ ಒಳಗಾಗುವವನು ಕೊಟ್ಟ ಕಾಗದವನ್ನೇ ಇಲ್ಲಿ ಪರೀಕ್ಷಕನು ಓದುತ್ತಿದ್ದಾನೆಂಬುದನ್ನು ಮರೆಯಬಾರದು.

ಎರಡನೆಯದು ಬೀಗದ ಕೈಯ ಅಪಾಯ. ಏಜೆಂಟು ವೇದಿಕೆಯೊಳಗೆ ಹೋಗಬೇಕಾದರೆ ಅದಕ್ಕೊಂದು ಗುಪ್ತ ಅಕ್ಷರಮಾಲೆಯನ್ನು ಕೊಡಬೇಕು. ಕಂಪ್ಯೂಟರಿನವರು ಇದನ್ನು ‘ಟೋಕನ್’ ಎನ್ನುತ್ತಾರೆ. ಇದು ಯಾರ ಬಳಿಯಿದೆಯೋ ಅವರಿಗೆ ಬಾಗಿಲು ತೆರೆಯುತ್ತದೆ. 2025ರ ಆಗಸ್ಟಿನಲ್ಲಿ ಕಳ್ಳರು ಸೇಲ್ಸ್‌ಲಾಫ್ಟ್ ಕಂಪೆನಿಯ ‘ಡ್ರಿಫ್ಟ್’ ಎಂಬ ಸಂಭಾಷಣಾ ಏಜೆಂಟಿಗೆ ಕೊಟ್ಟಿದ್ದ ಟೋಕನುಗಳನ್ನು ಕದ್ದು, ನೂರಾರು ಸಂಸ್ಥೆಗಳ ಗ್ರಾಹಕರ ಮಾಹಿತಿಯನ್ನು ಸೇಲ್ಸ್‌ಫೋರ್ಸ್ ವ್ಯವಸ್ಥೆಯಿಂದ ಹೊರಗೆಳೆದುಕೊಂಡರು. ಹಾನಿಗೊಳಗಾದವರಲ್ಲಿ ಕ್ಲೌಡ್‌ಫ್ಲೇರ್, ಜೀಸ್ಕೇಲರ್, ಪಾಲೋ ಆಲ್ಟೊ ನೆಟ್‌ವರ್ಕ್ಸ್‌ನಂಥ ಹೆಸರಾಂತ ಭದ್ರತಾ ಕಂಪೆನಿಗಳೂ ಇದ್ದುವು. ಇನ್ನು ಅಪಾಯದ ಪರೀಕ್ಷೆ ನಡೆಸುವ ವೇದಿಕೆಯಲ್ಲಿರುವುದಾದರೂ ಏನು? ಯಾವ ಕಂಪೆನಿಯ ಯಾವ ಬಾಗಿಲು ದುರ್ಬಲ ಎಂಬ ಪಟ್ಟಿ! ಕಳ್ಳನಿಗೆ ಇದಕ್ಕಿಂತ ಬೆಲೆಬಾಳುವ ಕಡತ ಇನ್ನೊಂದಿರಲಾರದು. ಮೇಲಾಗಿ, ಆ ಏಜೆಂಟನ್ನು ಒದಗಿಸುವವನೂ ಹೊರಗಿನ ಕಂಪೆನಿಯವನೇ. ಹೊರಗಿನವರನ್ನು ಕಾಯಲು ಕರೆದುತಂದ ಕಾವಲುಗಾರನೂ ಹೊರಗಿನವನೇ ಆದಂತಾಯಿತು.

ಈ ತೊಡಕಿಗೆ ಪರಿಹಾರದ ತತ್ತ್ವ ಹೊಸದೇನಲ್ಲ. ಬೆಂಗಳೂರು-ಹುಬ್ಬಳ್ಳಿಯ ಹಳಿಯೂ ಹಾಸನ-ಮೈಸೂರಿನ ಹಳಿಯೂ ಕೂಡುವ ಅರಸೀಕೆರೆ ಜಂಕ್ಷನ್ನನ್ನು ಬಲ್ಲ ವಾಚಕರಿಗೆ ರೈಲಿನ ‘ಟೋಕನ್’ ಅಪರಿಚಿತವಾಗಿರಲಾರದು. ನಮ್ಮ ದೇಶದ ಏಕಪಥ ರೈಲುಮಾರ್ಗಗಳಲ್ಲಿ ಬಹುಕಾಲ ಒಂದು ಕ್ರಮ ಬಳಕೆಯಲ್ಲಿತ್ತು. ಎರಡು ನಿಲ್ದಾಣಗಳ ನಡುವಣ ಹಳಿಯನ್ನು ಪ್ರವೇಶಿಸಬೇಕಾದರೆ ಚಾಲಕನ ಕೈಯಲ್ಲಿ ಆ ಭಾಗಕ್ಕೆಂದೇ ಕೊಟ್ಟ ಲೋಹದ ಗೋಲವೊಂದು ಇರಬೇಕು. ಎರಡೂ ನಿಲ್ದಾಣಗಳ ಯಂತ್ರಗಳು ವಿದ್ಯುತ್ತಿನಿಂದ ಹೊಂದಿಕೊಂಡಿದ್ದು, ಒಂದು ಗೋಲ ಹೊರಬಂದಿರುವಾಗ ಎರಡನೆಯದನ್ನು ಬಿಡವು. ಮುಂದಿನ ನಿಲ್ದಾಣದಲ್ಲಿ ಚಾಲಕನು ಅದನ್ನು ಒಪ್ಪಿಸಿಬಿಡಬೇಕು. ಚಾಲಕನು ಎಷ್ಟೇ ಪಳಗಿದವನಾಗಿರಲಿ, ಒಂದೇ ಗೋಲವನ್ನು ಹಿಡಿದು ಅರಸೀಕೆರೆಯಿಂದ ಮೈಸೂರಿನವರೆಗೂ ಹೋಗುತ್ತೇನೆನ್ನುವಂತಿರಲಿಲ್ಲ. ಅವನ ಜಾಣತನದ ಮೇಲೆ ಅಪನಂಬಿಕೆಯಿಂದ ಈ ನಿಯಮ ಹುಟ್ಟಲಿಲ್ಲ. ಒಂದು ತಪ್ಪಿನಿಂದ ಎರಡು ಗಾಡಿಗಳು ಎದುರುಬದುರಾಗಬಾರದೆಂದು ಹುಟ್ಟಿತು.

ಏಜೆಂಟಿನ ಟೋಕನ್ನಿಗೂ ಇದೇ ನಿಯಮ ಸಲ್ಲಬೇಕೆಂಬುದು ನನ್ನ ಅಭಿಪ್ರಾಯ. ಒಂದು ಕಂಪೆನಿಯ ಕಡತವನ್ನು ಓದಲು ಕೊಟ್ಟ ಟೋಕನ್ ಇನ್ನೊಂದರ ಕಡತವನ್ನು ತೆರೆಯಬಾರದು. ಕೆಲಸ ಮುಗಿದೊಡನೆ ಅದು ನಿರರ್ಥಕವಾಗಬೇಕು. ಅದರಿಂದ ಓದಲು ಬರಬೇಕೇ ಹೊರತು ಅಂಕ ತಿದ್ದಲು, ಒಪ್ಪಿಗೆ ಕೊಡಲು, ಹೊರಗೆ ಪತ್ರ ಕಳಿಸಲು ಬರಬಾರದು. ಏಜೆಂಟು ಇಟ್ಟ ಪ್ರತಿಯೊಂದು ಹೆಜ್ಜೆಯೂ ಅದು ಅಳಿಸಲಾರದ ದಿನಚರಿಯಲ್ಲಿ ದಾಖಲಾಗಬೇಕು. ಕಡತದಲ್ಲಿ ಬಚ್ಚಿಟ್ಟ ಆಜ್ಞೆಗೆ ಯಂತ್ರವು ಮೋಸಹೋದರೂ, ಆಗಬಹುದಾದ ಕೇಡು ಆಗ ಒಂದು ತಪ್ಪು ಟಿಪ್ಪಣಿಯಲ್ಲಿಯೇ ನಿಲ್ಲುತ್ತದೆ.

‘ಮನುಷ್ಯನೇ ಮತ್ತೆ ನೋಡುವುದಾದರೆ ಯಂತ್ರದಿಂದ ಉಳಿದದ್ದೇನು?’ ಎಂದು ಕೇಳುವವರುಂಟು. ಉಳಿಯುವುದು ಹುಡುಕುವ ಶ್ರಮ. ಏಜೆಂಟು ತನ್ನ ಪ್ರತಿ ಮಾತಿಗೂ ಪುಟವನ್ನೂ ಸಾಲನ್ನೂ ತೋರಿಸಬೇಕೆಂದು ಕಟ್ಟುಮಾಡಿದರೆ, ನೂರು ಪುಟ ಓದಬೇಕಾದವನು ಹತ್ತು ಕಡೆ ಮೂಲವನ್ನು ತೆರೆದು ನೋಡಿದರೆ ಸಾಕು. ಹಾಗೆ ನೋಡುವಾಗ, ಇಲ್ಲದ್ದನ್ನು ಇದೆಯೆಂದು ಹೇಳುವ ಯಂತ್ರದ ದುರಭ್ಯಾಸವೂ ಹೊರಬೀಳುವ ಅವಕಾಶವುಂಟು. ನೋಡದೆಯೇ ಗುಂಡಿಯೊತ್ತುವ ನೌಕರನಿಂದ ಮಾತ್ರ ಯಾವ ಪ್ರಯೋಜನವೂ ಇಲ್ಲ; ಅಂಥ ಒಪ್ಪಿಗೆಗಿಂತ ಪರೀಕ್ಷೆಯೇ ಇಲ್ಲದಿರುವುದು ಲೇಸು, ಏಕೆಂದರೆ ಆಗ ಸುಳ್ಳು ಧೈರ್ಯವಾದರೂ ಹುಟ್ಟುವುದಿಲ್ಲ.

ತೀರ್ಮಾನದ ಕೆಳಗೆ ಒಬ್ಬ ಮನುಷ್ಯನ ಹೆಸರು ಇರಲೇಬೇಕು. ಅರಸೀಕೆರೆಗೆ ಅನತಿದೂರದ ಬೇಲೂರಿನಲ್ಲಿ, 1117ರಲ್ಲಿ ಪ್ರತಿಷ್ಠಿತವಾದ ಚೆನ್ನಕೇಶವ ದೇವಾಲಯದ ವಿಗ್ರಹಗಳ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ಶಿಲ್ಪಿಗಳು ತಮ್ಮ ಹೆಸರುಗಳನ್ನು ಕೆತ್ತಿದ್ದಾರೆ. ಎಷ್ಟು ಕೈಗಳು ಅಲ್ಲಿ ಕಲ್ಲನ್ನು ಹೊತ್ತುವೋ ಒರೆದುವೋ. ಕೆಲಸ ಯಾರದೆಂದು ಕೇಳಿದರೆ ಹೇಳುವುದಕ್ಕೆ ಒಂದು ಹೆಸರಿದೆ. ಬ್ಯಾಂಕು ಒಂದು ಕಂಪೆನಿಯನ್ನು ಒಪ್ಪಿಕೊಂಡಾಗಲೂ, ‘ವ್ಯವಸ್ಥೆಯೇ ಒಪ್ಪಿತು’ ಎಂಬ ಉತ್ತರಕ್ಕೆ ಎಡೆಯಿರಕೂಡದು.

ಈ ಲೇಖನವನ್ನು ಓದುತ್ತಿರುವ ವಿದ್ಯಾರ್ಥಿಗಳಲ್ಲಿ ಅನೇಕರು ಮುಂದೆ ಇಂಥ ಕೆಲಸಗಳಲ್ಲಿಯೇ ತೊಡಗುವಿರಿ. ಏಜೆಂಟನ್ನು ಜೋಡಿಸಿಕೊಡಿರೆಂದು ಮೇಲಧಿಕಾರಿ ಹೇಳಿದ ದಿನ, ಅದು ಎಷ್ಟು ಚುರುಕಾಗಿದೆಯೆಂಬುದನ್ನು ಮಾತ್ರ ನೋಡದೆ, ಮೂರು ಮಾತು ಕೇಳಿರಿ: ಇದಕ್ಕೆ ಕೊಟ್ಟ ಟೋಕನ್ ಎಲ್ಲಿಯವರೆಗೆ ಸಲ್ಲುತ್ತದೆ? ಯಾವಾಗ ಮುಗಿಯುತ್ತದೆ? ಕೊನೆಯ ಒಪ್ಪಿಗೆಯ ಕೆಳಗೆ ಯಾರ ಹೆಸರು? ಉತ್ತರ ದೊರೆಯದಿದ್ದರೆ ಜೋಡಣೆಯನ್ನು ಒಂದು ದಿನ ತಡಮಾಡಿದರೂ ನಷ್ಟವಿಲ್ಲ. ತಡಮಾಡದೆ ಜೋಡಿಸಿ ಕೆಟ್ಟರೆ, ನಷ್ಟವನ್ನು ತೆರುವವನು ಮಾರುಕಟ್ಟೆಯಿಂದ ಬಂದು ಹಣಕ್ಕಾಗಿ ಬ್ಯಾಂಕಿನ ಮುಂದೆ ಕಾದು ನಿಂತ ರೈತ.