ದರೆ ಕಾಯುವವರಿಗೆ ಸಂಬಳ ಯಾರು ಕೊಡಬೇಕು?

ಸಕಲೇಶಪುರ, ಆಲೂರು ತಾಲ್ಲೂಕುಗಳ ರೈತರೇ, ತೋಟದ ಕಾರ್ಮಿಕರೇ, ಲಾರಿ, ಬಸ್ಸು, ಜೀಪು ಓಡಿಸುವ ಅಣ್ಣತಮ್ಮಂದಿರೇ,

2021ರ ಜುಲೈಯಲ್ಲಿ ದೋಣಿಗಾಲ್ ಬಳಿ ಹೆದ್ದಾರಿ ಕುಸಿಯಿತು. 2022ರ ಜುಲೈಯಲ್ಲಿ ಅದೇ ದೋಣಿಗಾಲ್‌ನಲ್ಲಿ ಮತ್ತೆ ಕುಸಿಯಿತು. 2024ರ ಜುಲೈಯಲ್ಲಿ ದೊಡ್ಡತಪ್ಪಲಿನ ದರೆ ಜಾರಿ ವಾಹನಗಳ ಮೇಲೆಯೇ ಬಂತು, ಶಿರಾಡಿ ಘಾಟಿ ಬಂದ್ ಆಯಿತು. ಕೆಲವೇ ದಿನಗಳಲ್ಲಿ ಸ್ಥಳಕ್ಕೆ ಬಂದ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಗುಡ್ಡವನ್ನು 90 ಡಿಗ್ರಿಯಲ್ಲಿ ನೆಟ್ಟಗೆ ಕಡಿದದ್ದೇ ಇದಕ್ಕೆ ಕಾರಣ ಎಂದರು. ತೋಟದಲ್ಲಿ ಬಸಿಗಾಲುವೆ, ತೊಟ್ಟಿಲು ಗುಂಡಿ ತೆಗೆದು ಗೊತ್ತಿರುವ ಯಾರೇ ಆದರೂ ಜೆಸಿಬಿ ನಿಂತ ದಿನವೇ ಆ ಮಾತು ಹೇಳುತ್ತಿದ್ದರು.

ಹಾಗಾದರೆ ಕಡಿಯುವಾಗ ನೋಡುತ್ತಿದ್ದವರು ಯಾರು? ನೋಡುವವರು ಇರಲಿಲ್ಲ ಎಂದುಕೊಳ್ಳಬೇಡಿ. ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ಪ್ರತಿ ಕಾಮಗಾರಿಗೂ ಒಬ್ಬ ಉಸ್ತುವಾರಿ ಎಂಜಿನಿಯರ್ ಇರುತ್ತಾರೆ. ಆದರೆ ಅವರು ಸರ್ಕಾರಿ ನೌಕರರಲ್ಲ, ಟೆಂಡರ್ ಮೂಲಕ ಆಯ್ಕೆಯಾದ ಖಾಸಗಿ ಸಲಹಾ ಕಂಪನಿಯವರು. ನಮ್ಮ ಹಾಸನ–ಮಾರನಹಳ್ಳಿ ರಸ್ತೆಯಂಥ ಗುತ್ತಿಗೆಗಳಲ್ಲಿ ಆ ಕಂಪನಿಗೆ ಪ್ರಾಧಿಕಾರವೇ ಹಣ ಕೊಡುತ್ತದೆ. ಟೋಲ್ ವಸೂಲಿಯ ಗುತ್ತಿಗೆಗಳಲ್ಲಿ ಇದೇ ಕೆಲಸ ಮಾಡುವವರಿಗೆ ‘ಸ್ವತಂತ್ರ ಎಂಜಿನಿಯರ್’ ಎಂಬ ಹೆಸರಿದೆ, ಅವರ ಖರ್ಚಿನಲ್ಲಿ ಅರ್ಧ ಭಾಗ ರಸ್ತೆ ಕಟ್ಟುವ ಕಂಪನಿಯಿಂದಲೇ ಬರುತ್ತದೆ. ಎಷ್ಟು ಕೆಲಸವಾಯಿತು, ಗುಣಮಟ್ಟ ಹೇಗಿದೆ, ಬಿಲ್ ಪಾಸಾಗಬೇಕೇ ಎಂಬುದಕ್ಕೆಲ್ಲ ಇವರ ಸಹಿ ಬೇಕು. ಅಂದರೆ ಕಾಯುವ ಕೆಲಸ ಹೊರಗುತ್ತಿಗೆಗೆ ಹೋಗಿ ಬಹಳ ಕಾಲವಾಗಿದೆ. ನಮ್ಮನ್ನು ಯಾರೂ ಕೇಳಲಿಲ್ಲ, ಅಷ್ಟೆ.

ಈಗ ಕೇಳಿಸಿಕೊಳ್ಳುವಂತೆ ಮಾಡಲೇಬೇಕಾದ ಹೊತ್ತು. ಮಾರನಹಳ್ಳಿಯಿಂದ ಅಡ್ಡಹೊಳೆವರೆಗಿನ ಘಾಟಿ ಭಾಗಕ್ಕೂ ನಾಲ್ಕು ಪಥ, ಸುರಂಗ ಎಂಬ ಯೋಜನೆಗಳ ಮಾತು ವರ್ಷಗಳಿಂದ ನಡೆದಿದೆ. ಇಲ್ಲಿಯವರೆಗೆ ಕಡಿದದ್ದು ಘಾಟಿಯ ತಲೆಯನ್ನು ಮಾತ್ರ. ಮುಂದಿನದು ಕೆಂಪುಹೊಳೆಯ ಕಣಿವೆ, ದಟ್ಟ ಕಾಡು, ಮಳೆಗಾಲದಲ್ಲಿ ಹೆಜ್ಜೆಗೊಂದು ಒರತೆ ಏಳುವ ಜಾಗ.

ಹೊರಗುತ್ತಿಗೆಯೇ ತಪ್ಪು ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ಲೋಕೋಪಯೋಗಿ ಇಲಾಖೆಯ ಎಂಜಿನಿಯರೇ ನಿಂತು ನೋಡಿದ ರಸ್ತೆಗಳೂ ನಮ್ಮ ಊರುಗಳಲ್ಲಿವೆ, ಒಂದೇ ಮಳೆಗೆ ಜಲ್ಲಿ ಎದ್ದದ್ದನ್ನು ಎಲ್ಲರೂ ಕಂಡಿದ್ದೇವೆ. ಗುಡ್ಡದ ಒಳಗಿನ ನೀರು, ಮಣ್ಣಿನ ಪದರ, ಬಂಡೆಯ ಸೀಳು ಇವನ್ನು ಓದಬಲ್ಲವರು ಇಲಾಖೆಯಲ್ಲಿ ಸಾಕಷ್ಟಿಲ್ಲ. ಪರಿಣತರನ್ನು ಹೊರಗಿನಿಂದ ತರಲಿ. ನಮ್ಮ ತಕರಾರು ಇರುವುದು ತರುವ ಕೈ ಯಾರದು ಎಂಬುದರಲ್ಲಿ.

ಲೆಕ್ಕ ನೋಡಿ. 20 ಮೀಟರ್ ಎತ್ತರದ ದರೆಯನ್ನು 45 ಡಿಗ್ರಿಗೆ ಇಳಿಜಾರು ಮಾಡಬೇಕಾದರೆ ಬುಡದಿಂದ ತುದಿಗೆ 20 ಮೀಟರ್ ಅಗಲದ ಜಾಗ ಬೇಕು. 30 ಡಿಗ್ರಿ ಎಂದರೆ ಸುಮಾರು 35 ಮೀಟರ್. ನೆಟ್ಟಗೆ ಕಡಿದರೆ ಒಂದಡಿಯೂ ಬೇಡ. ಆ ಜಾಗ ಯಾರದೋ ಕಾಫಿ ತೋಟ, ಇಲ್ಲವೇ ಅರಣ್ಯ. ಭೂಸ್ವಾಧೀನಕ್ಕೆ ಹಣ ಕೊಡಬೇಕಾದದ್ದು, ಅರಣ್ಯ ಅನುಮತಿ ತರಬೇಕಾದದ್ದು ಪ್ರಾಧಿಕಾರ. ಈಗ ಉಸ್ತುವಾರಿ ಎಂಜಿನಿಯರ್ ‘ಇಲ್ಲಿ ಇಳಿಜಾರು ಸಾಲದು, ಇನ್ನಷ್ಟು ಜಾಗ ಕೊಳ್ಳಿ’ ಎಂದು ಬರೆದರೆ ಗುತ್ತಿಗೆದಾರನ ಕೆಲಸ ನಿಲ್ಲುತ್ತದೆ, ಪ್ರಾಧಿಕಾರದ ಖರ್ಚು ಏರುತ್ತದೆ. ಬರೆಯದಿದ್ದರೆ ಇಬ್ಬರಿಗೂ ನೆಮ್ಮದಿ. ಅಪಾಯ ಮಾತ್ರ ದರೆಯ ಕೆಳಗೆ ಹಾದು ಹೋಗುವವರದು, ಅವರು ಆ ಕರಾರಿನಲ್ಲಿ ಎಲ್ಲಿಯೂ ಇಲ್ಲ. ಇದರಲ್ಲಿ ಲಂಚ ಹುಡುಕಬೇಕಾಗಿಯೂ ಇಲ್ಲ. ಪ್ರಾಮಾಣಿಕ ಎಂಜಿನಿಯರ್ ಕೂಡ ಮುಂದಿನ ಟೆಂಡರನ್ನು ನೆನೆದು ಪೆನ್ನು ಹಿಡಿಯುತ್ತಾರೆ. ಕಾಫಿ ಮಾರಲು ಹೋದಾಗ ಮಾಯಿಶ್ಚರ್ ಮೀಟರ್ ಕೊಳ್ಳುವವನ ಕೈಯಲ್ಲೇ ಇದ್ದರೆ ನಮ್ಮ ಬೀಜ ಎಷ್ಟು ಒಣಗಿದೆ ಎಂದು ತೋರಿಸುತ್ತದೆ ಎಂಬುದನ್ನು ನಮಗೆ ಹೊಸದಾಗಿ ಹೇಳಬೇಕೇ?

ಕುಸಿದ ಮೇಲೆ ಶಿಕ್ಷೆ ಇದೆಯಲ್ಲ ಎನ್ನುವವರಿದ್ದಾರೆ. ಹೌದು. 2025ರ ಮೇ 19ರಂದು ಕೇರಳದ ಮಲಪ್ಪುರಂ ಜಿಲ್ಲೆಯ ಕೂರಿಯಾಡ್‌ನಲ್ಲಿ ಹೆದ್ದಾರಿ 66 ಕುಸಿದಾಗ ಕೇಂದ್ರ ಸಚಿವಾಲಯ ಕಟ್ಟಿದ ಕಂಪನಿಯ ಜೊತೆಗೆ ಉಸ್ತುವಾರಿ ಕಂಪನಿಯನ್ನೂ ಹೊಸ ಟೆಂಡರ್‌ಗಳಿಂದ ಹೊರಗಿಟ್ಟಿತು. ಅದು ಆದದ್ದು ಕುಸಿದ ಮೇಲೆ.

ಮೀನು ಹೊತ್ತು ಮಂಗಳೂರಿನಿಂದ ಇದೇ ಘಾಟಿ ಹತ್ತುವ ಲಾರಿಗಳನ್ನು ನೋಡಿದ್ದೀರಿ. ಆ ಮೀನು ಹಿಡಿಯುವ ಕಸುಬಿನಲ್ಲೂ ಇದೇ ಜಗಳ ನಡೆದಿದೆ. ಅಮೆರಿಕದ ಅಲಾಸ್ಕಾದಲ್ಲಿ ದೊಡ್ಡ ಮೀನುಗಾರಿಕಾ ಬೋಟುಗಳು ಏನು ಹಿಡಿದವು, ಎಷ್ಟನ್ನು ಸತ್ತ ಮೇಲೆ ಕಡಲಿಗೆ ಎಸೆದವು ಎಂದು ಬರೆದಿಡಲು ಬೋಟಿನಲ್ಲೇ ಒಬ್ಬ ವೀಕ್ಷಕ ಹೋಗುತ್ತಾನೆ, ಖಾಸಗಿ ಕಂಪನಿಯ ನೌಕರ. ಮೊದಲು ಬೋಟಿನ ಮಾಲೀಕನೇ ಆ ಕಂಪನಿಯನ್ನು ಗೊತ್ತು ಮಾಡಿ ಹಣ ಕೊಡುತ್ತಿದ್ದ. ಬೋಟುಗಳಲ್ಲಿ ಒಂದು ವರ್ಗಕ್ಕೆ 2013ರಲ್ಲಿ ಇದನ್ನು ಬದಲಿಸಿದರು. ಹಿಡಿದ ಮೀನಿನ ಬೆಲೆಯ ಮೇಲೆ ಶೇ 1.25 ಶುಲ್ಕವನ್ನು ಸರ್ಕಾರ ವಸೂಲು ಮಾಡಿತು, ವೀಕ್ಷಕರ ಕಂಪನಿಯನ್ನು ಸರ್ಕಾರವೇ ಆರಿಸಿತು, ಯಾವ ಪ್ರಯಾಣಕ್ಕೆ ವೀಕ್ಷಕ ಹೋಗಬೇಕೆಂದೂ ಅದೇ ಹೇಳಿತು. ಹೊರಗುತ್ತಿಗೆ ಹಾಗೇ ಉಳಿಯಿತು, ಶುಲ್ಕದ ಹಣವೂ ಆ ಕಸುಬಿನವರದೇ. ಆದರೆ ಯಾರನ್ನು ಕಳಿಸಬೇಕು, ಎಲ್ಲಿಗೆ ಕಳಿಸಬೇಕು ಎಂಬುದು ಮಾಲೀಕನ ಕೈತಪ್ಪಿತು.

ಅಷ್ಟು ದೂರ ಯಾಕೆ, ಪಕ್ಕದ ರೈಲು ಹಳಿಯನ್ನೇ ನೋಡಿ. ಎಡಕುಮೇರಿ ಬಳಿ 2024ರಲ್ಲಿ ಅದರ ಕೆಳಗಿನ ಮಣ್ಣೂ ಜಾರಿತು, ಗುಡ್ಡ ಯಾರನ್ನೂ ಬಿಡುವುದಿಲ್ಲ. ಆದರೂ ಒಂದು ವ್ಯವಸ್ಥೆ ಅಲ್ಲಿದೆ. ಹೊಸ ಹಳಿಯ ಮೇಲೆ ಪ್ರಯಾಣಿಕರ ರೈಲು ಓಡಬೇಕಾದರೆ ರೈಲ್ವೆ ಸುರಕ್ಷತಾ ಆಯುಕ್ತರು ಪರೀಕ್ಷಿಸಿ ಒಪ್ಪಿಗೆ ಕೊಡಬೇಕು. ಆ ಆಯುಕ್ತರು ರೈಲ್ವೆ ಸಚಿವಾಲಯದ ಕೆಳಗಿಲ್ಲ, ನಾಗರಿಕ ವಿಮಾನಯಾನ ಸಚಿವಾಲಯದಡಿ ಇದ್ದಾರೆ. ರೈಲ್ವೆ ಮಂಡಳಿಯಿಂದ ಈ ತಪಾಸಣೆಯ ಕೆಲಸವನ್ನು 1941ರಲ್ಲೇ ಬೇರ್ಪಡಿಸಲಾಯಿತು. ರೈಲಿಗೆ ಇದು ಸಾಧ್ಯವಾದರೆ ಅದೇ ಗುಡ್ಡದ ಮೇಲಿನ ರಸ್ತೆಗೆ ಯಾಕೆ ಸಾಧ್ಯವಿಲ್ಲ?

ಆದ್ದರಿಂದ ನಾವು ಕೇಳುವುದು ಇಷ್ಟು. ಘಾಟಿಯ ಯಾವುದೇ ಹೊಸ ಟೆಂಡರ್ ಕರೆಯುವ ಮುನ್ನ ದರೆ, ಒರತೆ, ಮಣ್ಣು ಸುರಿಯುವ ಜಾಗ ಇವುಗಳ ಉಸ್ತುವಾರಿಯನ್ನು ರಸ್ತೆ ಕೆಲಸದ ಉಸ್ತುವಾರಿಯಿಂದ ಬೇರೆ ಮಾಡಬೇಕು. ಯೋಜನೆಯ ವೆಚ್ಚದಲ್ಲಿ ಒಂದು ಪಾಲನ್ನು ಮೊದಲೇ ತೆಗೆದು ಜಿಲ್ಲಾಧಿಕಾರಿಯವರ ಹೆಸರಿನ ಪ್ರತ್ಯೇಕ ಖಾತೆಯಲ್ಲಿಡಬೇಕು. ಯಾರು ನೋಡಬೇಕೆಂಬುದನ್ನು ಪ್ರಾಧಿಕಾರವೂ ಗುತ್ತಿಗೆದಾರನೂ ಇಲ್ಲದ ಸಮಿತಿ ಆರಿಸಬೇಕು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಇದೆ, ಸುರತ್ಕಲ್‌ನಲ್ಲಿ ಎನ್‌ಐಟಿಕೆ ಇದೆ, ಹಾಸನದಲ್ಲೇ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಇದೆ. ಅವರು ಖಾಸಗಿಯವರ ನೆರವು ಪಡೆದರೂ ನಮ್ಮ ಅಭ್ಯಂತರವಿಲ್ಲ. ಆದರೆ ಕೆಲಸ ನಿಲ್ಲಿಸಿ ಎನ್ನುವ ಅಧಿಕಾರ ಅವರಿಗಿರಬೇಕು, ವರದಿ ಕನ್ನಡದಲ್ಲಿ ತಿಂಗಳಿಗೊಮ್ಮೆ ದಾರಿಯ ಪ್ರತಿ ಗ್ರಾಮ ಪಂಚಾಯಿತಿಗೆ ಬರಬೇಕು. ಕಾಮಗಾರಿಯನ್ನು ಪ್ರತಿ ತಿಂಗಳು ಡ್ರೋನ್‌ನಿಂದ ಚಿತ್ರೀಕರಿಸಬೇಕು ಎಂದು ಪ್ರಾಧಿಕಾರವೇ 2021ರಲ್ಲಿ ಕಡ್ಡಾಯ ಮಾಡಿದೆ. ಆ ಚಿತ್ರಗಳನ್ನು ನಮಗೂ ತೋರಿಸಲಿ. ಈ ಗುಡ್ಡದ ಒರತೆ ಯಾವ ತಿಂಗಳು ಎಲ್ಲಿ ಏಳುತ್ತದೆ ಎಂಬುದು ಡ್ರೋನಿಗಿಂತ ಇಲ್ಲಿನ ಹಿರಿಯರಿಗೆ ಚೆನ್ನಾಗಿ ಗೊತ್ತು.

ಇದಕ್ಕೆಲ್ಲ ಕಾಮಗಾರಿ ತಡವಾಗುತ್ತದೆ ಎಂಬ ಆಕ್ಷೇಪ ಬರುತ್ತದೆ. ಹಾಸನ–ಮಾರನಹಳ್ಳಿಯ ಸುಮಾರು 45 ಕಿಲೋಮೀಟರ್ ರಸ್ತೆ ಈಗಿನ ಪದ್ಧತಿಯಲ್ಲೇ ಎಷ್ಟು ವರ್ಷ ಎಳೆಯಿತು ಎಂಬುದನ್ನು ಆಕ್ಷೇಪ ಎತ್ತುವವರಿಗೆ ನೆನಪಿಸಿ.

ಮುಂದಿನ ಗ್ರಾಮಸಭೆಗೆ ಬನ್ನಿ. ಮೇಲಿನ ಬೇಡಿಕೆಯನ್ನು ನಿರ್ಣಯವಾಗಿ ಬರೆಸಿ, ಪಿಡಿಒ ಸಹಿ ಮಾಡಿಸಿ, ಒಂದು ಪ್ರತಿಯನ್ನು ಜಿಲ್ಲಾಧಿಕಾರಿಗೂ ಒಂದನ್ನು ಹೆದ್ದಾರಿ ಪ್ರಾಧಿಕಾರಕ್ಕೂ ಕಳಿಸಿ. ದೋಣಿಗಾಲ್, ದೊಡ್ಡತಪ್ಪಲು ಕಡಿಯುವಾಗ ಉಸ್ತುವಾರಿ ಎಂಜಿನಿಯರ್ ಬರೆದ ವರದಿಗಳ ನಕಲನ್ನು ಮಾಹಿತಿ ಹಕ್ಕಿನಡಿ ಕೇಳಿ. ಅರ್ಜಿ ಶುಲ್ಕ 10 ರೂಪಾಯಿ.