ಕಾಯಿಲ್ಲದ ತೆಂಗು

ಕಡಲಿಗೆ ಹತ್ತು ಮಾರು ದೂರದಲ್ಲಿ ಒಂದು ಮನೆ ಇದ್ದಿದ್ದರೆ ಎಷ್ಟು ಚೆನ್ನ ಎಂದು ಹಂಬಲಿಸುವವರು ಹೆಚ್ಚಾಗಿ ಕಡಲಿನಿಂದ ದೂರ ಹುಟ್ಟಿದವರು. ಕುಂದಾಪುರದ ಕಡೆಯ ನಮಗೆ ಆ ಆಸೆ ಕಡಿಮೆಯೇ. ಉಪ್ಪುಗಾಳಿಗೆ ಕಿಟಕಿಯ ಸರಳು ಏನಾಗುತ್ತದೆ, ಯಾವ ಆಷಾಢದ ತೆರೆ ಯಾರ ತೋಟದ ಎಷ್ಟು ತೆಂಗು ತೆಗೆದುಕೊಂಡು ಹೋಯಿತು ಎಂಬ ಲೆಕ್ಕ ನಮ್ಮ ಅಜ್ಜಿಯಂದಿರ ಬಾಯಿಯಲ್ಲೇ ಇರುತ್ತಿತ್ತು. ಆದರೆ ನಮ್ಮ ಮಕ್ಕಳು ಈಗ ಅಮೆರಿಕದಲ್ಲಿದ್ದಾರೆ. ಕೈಯಲ್ಲಿ ನಾಲ್ಕು ಕಾಸು ಉಳಿಯುತ್ತದೆ. ಉಳಿದದ್ದನ್ನು ಹವಾಯಿಯ ಕಡಲದಂಡೆಯಲ್ಲಿ ಒಂದು ಕಾಂಡೋ ಕೊಳ್ಳಲು ಹಾಕಿದರೆ ಹೇಗೆ ಎಂದು ಅವರಲ್ಲಿ ಕೆಲವರಿಗೆ ತೋರುತ್ತದೆ. ನಮ್ಮ ಮಗಳಿಗೂ ಅಳಿಯನಿಗೂ ಹಾಗೆ ತೋರಿತು. ನನ್ನನ್ನು ಕೇಳಿದರು. ಬೇಡ ಎಂದೆ. ಏಕೆ ಬೇಡ ಎನ್ನುವುದು ಊಟದ ಮೇಜಿನಲ್ಲಿ ಹೇಳಿ ಮುಗಿಯುವ ಮಾತಾಗಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಕಾಂಡೋ ಎಂದರೆ ಮತ್ತೇನಲ್ಲ, ನಮ್ಮ ಫ್ಲ್ಯಾಟು. ಒಂದೊಂದು ಮನೆಗೆ ಒಬ್ಬೊಬ್ಬ ಒಡೆಯ. ಮಹಡಿ, ಮೆಟ್ಟಿಲು, ಅಂಗಳ, ಈಜುಕೊಳ ಎಲ್ಲರಿಗೂ ಸೇರಿದ್ದು. ಅದನ್ನು ನೋಡಿಕೊಳ್ಳಲು ಒಡೆಯರ ಒಂದು ಸಂಘ. ಮೊದಮೊದಲು ಇದಕ್ಕೆ ಕಾನೂನು ಮಾಡಿದ ಅಮೆರಿಕದ ರಾಜ್ಯಗಳಲ್ಲಿ ಹವಾಯಿಯೂ ಒಂದು, 1961ರಲ್ಲಿ. ಆಮೇಲೆ 1970ರ ದಶಕದಲ್ಲಿ ಮಾವಿ ದ್ವೀಪದ ಪಶ್ಚಿಮ ತೀರದಲ್ಲಿ, ಲಹೈನಾ ಪಟ್ಟಣದಿಂದ ಉತ್ತರಕ್ಕೆ ಹೊನೊಕೊವಾಯಿ, ಕಹನಾ, ನಪಿಲಿ ಎಂದು ಸಾಲಾಗಿ ಇಂಥ ಕಟ್ಟಡಗಳು ಎದ್ದವು. ತೆರೆ ಬಂದು ಕಾಲು ತೊಳೆಯುವಷ್ಟು ಹತ್ತಿರಕ್ಕೆ ಕಟ್ಟಿದರು. ಈಗ ಅವಕ್ಕೆ ಐವತ್ತು ವರ್ಷ. ಒಡೆಯರಲ್ಲಿ ಬಹಳ ಮಂದಿ ಕ್ಯಾಲಿಫೋರ್ನಿಯಾದಲ್ಲೋ ಕೆನಡಾದಲ್ಲೋ ಇರುತ್ತಾರೆ. ಮನೆಯನ್ನು ರಾತ್ರಿಯ ಲೆಕ್ಕದಲ್ಲಿ ಬಾಡಿಗೆಗೆ ಬಿಡುತ್ತಾರೆ. ನಾವು 2025ರ ಬೇಸಿಗೆ ರಜೆಯಲ್ಲಿ ಅಂಥದೊಂದರಲ್ಲಿ ಏಳು ರಾತ್ರಿ ಉಳಿದೆವು. ಅದರ ಹೆಸರು ಇಲ್ಲಿ ಬೇಡ. ಆ ಸಾಲಿನಲ್ಲಿ ಒಂದನ್ನು ನೋಡಿದರೆ ಉಳಿದವನ್ನೂ ನೋಡಿದ ಹಾಗೆಯೇ.

ಕಡಲು ಚೆಂದವಿತ್ತು. ಅದನ್ನು ಇಲ್ಲವೆನ್ನಲಾರೆ. ಎದುರಿಗೆ ಮೊಲೊಕಾಯಿ, ಲನಾಯಿ ದ್ವೀಪಗಳು, ಸಂಜೆ ಅವುಗಳ ಬೆನ್ನಿನ ಮೇಲೆ ಬೀಳುವ ಬಣ್ಣ, ಕಲ್ಲುಗಳ ನಡುವೆ ತಲೆಯೆತ್ತಿ ಉಸಿರು ತೆಗೆದುಕೊಳ್ಳುವ ಆಮೆಗಳು. ನಮ್ಮ ಮನೆಯವರು ಬೆಳಗ್ಗೆ ಬಾಲ್ಕನಿಯಲ್ಲಿ ಕುಳಿತರೆ ಕಾಫಿಗಷ್ಟೇ ಒಳಗೆ ಬರುತ್ತಿದ್ದರು.

ಕಾಫಿ ಎಲ್ಲಿಂದ ಬರುತ್ತಿತ್ತು ಎಂಬುದೇ ಪ್ರಶ್ನೆ. 'ಅಮ್ಮ, ಹೊಟೇಲಲ್ಲ, ಕಾಂಡೋ. ಕಿಚನ್ ಇದೆ. ನಿಮಗೆ ಊಟಕ್ಕೆ ತೊಂದರೆಯಿಲ್ಲ' ಎಂದು ಮಗಳು ಮೊದಲೇ ಹೇಳಿದ್ದಳು. ಈ ಮಾತಿನೊಳಗೆ ಯಾರು ಉಣ್ಣುವವರು, ಯಾರು ಬೇಯಿಸುವವರು ಎಂಬುದನ್ನು ಓದುವ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಐದೂವರೆ ಗಂಟೆ ವಿಮಾನದಲ್ಲಿ ಕುಳಿತು ಶಾಂತಸಾಗರದ ನಡುವೆ ಹೋಗಿ ಇಳಿದ ಮೇಲೂ ನಾನು ಕುಕ್ಕರಿನ ಸೀಟಿ ಎಣಿಸಿದೆ. ನಾಲ್ಕು ಒಲೆಗಳಲ್ಲಿ ಮೂರೇ ಕಾಯುತ್ತಿದ್ದವು. ಹೊರಡುವ ದಿನ ಏನೇನು ಮಾಡಬೇಕು ಎಂದು ಫ್ರಿಜ್ಜಿನ ಬಾಗಿಲಿಗೆ ಒಂದು ಪಟ್ಟಿ ಅಂಟಿಸಿದ್ದರು: ಹಾಸಿಗೆಯ ಬಟ್ಟೆ ತೆಗೆದು ಒಂದೆಡೆ ಹಾಕಿ, ಪಾತ್ರೆ ತೊಳೆಯುವ ಯಂತ್ರ ತುಂಬಿಸಿ ಓಡಿಸಿ, ಕಸ ಕೆಳಗೆ ಕೊಂಡುಹೋಗಿ. ಇಷ್ಟು ಮಾಡಿದ ಮೇಲೂ ಬಿಲ್ಲಿನಲ್ಲಿ ಸ್ವಚ್ಛತೆಯ ಶುಲ್ಕವೆಂದು ಬೇರೆ ಇತ್ತು. ರಜೆ ಎನ್ನುವುದು ಗಂಡಸಿಗೆ ಸ್ಥಳದ ಬದಲಾವಣೆಯಾದರೆ ಹೆಂಗಸಿಗೆ ಒಲೆಯ ಬದಲಾವಣೆ ಎಂದು ನಾನು ಹೇಳಿದಾಗ ಅಳಿಯ ನಕ್ಕರು. ಮಗಳು ನಗಲಿಲ್ಲ.

ಹುಳಿಗೆ ಕಾಯಿ ಬೇಕಾಯಿತು. ಅಂಗಳದಲ್ಲಿ ಇಪ್ಪತ್ತಕ್ಕೂ ಹೆಚ್ಚು ತೆಂಗಿನಮರಗಳಿದ್ದವು, ಒಂದರಲ್ಲೂ ಕಾಯಿಲ್ಲ. ರೋಗವೇನಾದರೂ ಬಡಿದಿದೆಯೋ ಎಂದು ತಲೆಯೆತ್ತಿ ನೋಡಿದೆ. ರೋಗವಲ್ಲ. ಕಾಯಿ ಬಿದ್ದು ಅತಿಥಿಯ ತಲೆ ಒಡೆದರೆ ಕೋರ್ಟಿಗೆ ಹೋಗುತ್ತಾರೆಂದು ಹೆದರಿ, ಆಳು ಹತ್ತಿಸಿ ಹೂವು ಹೀಚು ಇರುವಾಗಲೇ ಕಡಿಸಿಹಾಕುತ್ತಾರಂತೆ. ಹವಾಯಿಯ ಹೊಟೇಲುಗಳಲ್ಲೆಲ್ಲ ಇದೇ ಕ್ರಮ. ತೆಂಗಿನಮರದ ಕೆಳಗೆ ನಿಂತು ನಾವು ಅಂಗಡಿಯಿಂದ ಥಾಯ್ಲೆಂಡಿನ ಡಬ್ಬಿಯ ಕಾಯಿಹಾಲು ತಂದೆವು. ಫಲವಿಲ್ಲದ ಮರ, ಒಡೆಯನಿಲ್ಲದ ಮನೆ, ಎರಡೂ ನೋಟಕ್ಕೆ ಮಾತ್ರ. ಆ ಊರಿನ ಅರ್ಥ ನನಗೆ ಮೊದಲು ಹೊಳೆದದ್ದು ಅಲ್ಲಿ.

ಇನ್ನು ಕಟ್ಟಡ. ನಮ್ಮ ಮೇಲಿನ ಬಾಲ್ಕನಿಯ ಅಡಿಯಲ್ಲಿ ಸಿಮೆಂಟು ಚಕ್ಕೆಯೆದ್ದು ಒಳಗಿನ ಸರಳು ಕೆಂಪಗೆ ಕಾಣುತ್ತಿತ್ತು. ಇದು ಬಣ್ಣ ಹೊಡೆದರೆ ಮುಚ್ಚುವ ಸಂಗತಿಯಲ್ಲ. ಕಡಲ ಗಾಳಿಯ ಉಪ್ಪು ಕಾಂಕ್ರೀಟಿನೊಳಗೆ ಇಳಿದು ಕಬ್ಬಿಣವನ್ನು ಮುಟ್ಟುತ್ತದೆ, ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ, ಉಬ್ಬಿದ್ದು ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಸೀಳಿದಲ್ಲಿ ಮತ್ತಷ್ಟು ಉಪ್ಪು. 2021ರ ಜೂನ್ 24ರಂದು ಫ್ಲಾರಿಡಾದ ಸರ್ಫ್‌ಸೈಡ್ ಎಂಬಲ್ಲಿ, 1981ರಲ್ಲಿ ಕಟ್ಟಿದ ಹನ್ನೆರಡು ಮಹಡಿಯ ಕಡಲದಂಡೆಯ ಕಾಂಡೋ ನಡುರಾತ್ರಿ ಕುಸಿದು 98 ಜನ ಸತ್ತರು. ಕಾಂಕ್ರೀಟು ಹಾಳಾಗಿದೆ ಎಂದು ಎಂಜಿನಿಯರು ಬರೆದುಕೊಟ್ಟು ಎರಡೂವರೆ ವರ್ಷಕ್ಕೂ ಹೆಚ್ಚು ಕಳೆದಿತ್ತು. ದುರಸ್ತಿಗೆ ಯಾರು ಎಷ್ಟು ಕೊಡಬೇಕೆಂಬ ಚರ್ಚೆ ಒಡೆಯರ ಸಂಘದಲ್ಲಿ ನಡೆದೇ ಇತ್ತು. ಮಾವಿಯ ಕಟ್ಟಡಗಳು ಹೀಗೇ ಬೀಳುತ್ತವೆ ಎಂದು ನಾನು ಹೇಳುತ್ತಿಲ್ಲ. ವರ್ಷಕ್ಕೆರಡು ವಾರ ಬಂದುಹೋಗುವ ಒಡೆಯರ ಸಂಘವೊಂದು ತಾವು ಮಲಗದ ಮನೆಯ ಸರಳಿಗೆ ಎಷ್ಟು ಬೇಗ ಹಣ ಬಿಚ್ಚೀತು ಎಂದಷ್ಟೇ ಕೇಳುತ್ತಿದ್ದೇನೆ. ಅಳಿಯ ನೋಡಿದ್ದ ಫ್ಲ್ಯಾಟಿನ ಬೆಲೆ ಇಳಿದಿತ್ತು, ನಿಜ. ಆದರೆ ತಿಂಗಳ ಮೆಂಟೆನೆನ್ಸ್ ನನ್ನ ತಿಂಗಳ ಸಂಬಳವನ್ನು ಮೀರಿಸುತ್ತಿತ್ತು.

ಇದೆಲ್ಲ ಕೊಳ್ಳುವವರ ಗಂಟಿನ ವಿಷಯ. ಗೊತ್ತಿದ್ದು ಕಳೆದುಕೊಂಡರೆ ಅವರವರ ಪಾಡು. ನನ್ನ ನಿಜವಾದ ತಕರಾರು ಗೋಡೆಯ ಮೇಲೆ.

ಹವಾಯಿಯಲ್ಲಿ ಕಡಲದಂಡೆ ಯಾರಪ್ಪನದೂ ಅಲ್ಲ. ತೆರೆ ಮೇಲೇರಿ ತೊಳೆಯುವ ಗೆರೆಯವರೆಗೆ ದಂಡೆ ಸಾರ್ವಜನಿಕರದು ಎಂದು ಅಲ್ಲಿನ ಸುಪ್ರೀಂ ಕೋರ್ಟು 1968ರಿಂದ ಹೇಳುತ್ತ ಬಂದಿದೆ. ಎರಡು ಕಟ್ಟಡಗಳ ನಡುವಿನ ಓಣಿಯಲ್ಲಿ 'ಕಡಲಿಗೆ ದಾರಿ' ಎಂಬ ಸರ್ಕಾರದ ಹಲಗೆಯೂ ಇತ್ತು. ಆ ದಾರಿಯಲ್ಲಿ ನಡೆದು ಮೆಟ್ಟಿಲಿಳಿದರೆ ಕಾಲಿಡಲು ದಂಡೆಯೇ ಇಲ್ಲ, ಭರತದ ಹೊತ್ತಿಗೆ ಮೆಟ್ಟಿಲು ನೇರವಾಗಿ ನೀರಿಗೆ ಇಳಿಯುತ್ತಿತ್ತು. ಕಟ್ಟಡ ಉಳಿಸಲು ಗೋಡೆ ಕಟ್ಟಿದ್ದಾರೆ, ಗೋಡೆಯ ಬುಡಕ್ಕೆ ಮರಳು ತುಂಬಿದ ದೊಡ್ಡ ಚೀಲಗಳನ್ನು ಪೇರಿಸಿದ್ದಾರೆ. ಗೋಡೆಗೆ ಬಡಿದ ತೆರೆ ತನ್ನ ಬಲವನ್ನು ಹೊಯ್ಗೆಯ ಮೇಲೆ ಹರಡಿ ಸುಸ್ತಾಗಲು ಎಡೆಯಿಲ್ಲದೆ ಹಿಂದಕ್ಕೆ ಹಾರುತ್ತದೆ, ಹಾರುವಾಗ ಬುಡದ ಹೊಯ್ಗೆಯನ್ನು ಬಳಿದುಕೊಂಡು ಹೋಗುತ್ತದೆ. ಗೋಡೆಯ ಹಿಂದಿನ ದಿಬ್ಬದ ಹೊಯ್ಗೆ ದಂಡೆಗೆ ಇಳಿದು ಆ ನಷ್ಟ ತುಂಬಬೇಕಾಗಿತ್ತು. ಅದು ಹುಲ್ಲುಹಾಸಿನ ಕೆಳಗೆ ಬಂದಿಯಾಗಿದೆ. ಗೋಡೆ ಮುಗಿಯುವಲ್ಲಿ ಕಡಲು ಪಕ್ಕದವನ ಜಾಗಕ್ಕೆ ಬಾಯಿಹಾಕುತ್ತದೆ, ಆಗ ಅವನೂ ಗೋಡೆ ಕಟ್ಟುತ್ತಾನೆ. ಅಮೆರಿಕದ ಭೂಗರ್ಭ ಸಮೀಕ್ಷೆ ಸಂಸ್ಥೆ ಮತ್ತು ಹವಾಯಿ ವಿಶ್ವವಿದ್ಯಾಲಯದವರು 2012ರಲ್ಲಿ ಹೊರತಂದ ವರದಿಯ ಪ್ರಕಾರ ಕವಾಯಿ, ಒವಾಹು, ಮಾವಿ ಮೂರು ದ್ವೀಪಗಳ ದಂಡೆಗಳಲ್ಲಿ ನೂರಕ್ಕೆ 70ರಷ್ಟು ಕೊರೆಯುತ್ತಿವೆ, ಮಾವಿಯೊಂದರಲ್ಲೇ ನೂರಕ್ಕೆ 85. ಸುಮಾರು ನೂರು ವರ್ಷಗಳಲ್ಲಿ ಮೂರು ದ್ವೀಪಗಳಿಂದ ಒಟ್ಟು 20 ಕಿಲೋಮೀಟರಿಗೂ ಹೆಚ್ಚು ದಂಡೆ ಪೂರ್ತಿ ಮಾಯವಾಗಿದೆ. ಕಡಲಿನ ನೀರು ಏರುತ್ತಿರುವುದೂ ಅದಕ್ಕೆ ಕಾರಣವೇ. ಆದರೆ ಏರುವ ನೀರಿನ ಜೊತೆಗೆ ದಂಡೆ ತಾನೂ ಹಿಂದೆ ಸರಿದು ಬದುಕಿಕೊಳ್ಳುತ್ತದೆ, ಸರಿಯಲು ಬಿಟ್ಟರೆ. 2020ರಲ್ಲಿ ಹವಾಯಿ ಸರ್ಕಾರ ಕಾನೂನು ಬಿಗಿಮಾಡಿ ಮರಳ ದಂಡೆಗಳಲ್ಲಿ ಹೊಸ ಖಾಸಗಿ ಗೋಡೆಗಳನ್ನು ಬಹುಮಟ್ಟಿಗೆ ನಿಲ್ಲಿಸಿತು. 2022ರ ಮೇಯಿಂದ ದಂಡೆಯ ಆಸ್ತಿ ಮಾರುವವರು ಕಡಲೇರುವ ಅಪಾಯವನ್ನು ಬರೆದು ತಿಳಿಸಲೇಬೇಕು. ತಿಳಿದೂ ಕೊಳ್ಳುವವರಿದ್ದಾರೆ. ಇನ್ನು ಹದಿನೈದು ವರ್ಷ ನಿಂತರೆ ಸಾಕು, ಬಾಡಿಗೆಯಲ್ಲಿ ಹಾಕಿದ ಹಣ ಬರುತ್ತದೆ ಎಂಬ ಲೆಕ್ಕ ಅವರದು. ಆ ಹದಿನೈದು ವರ್ಷಕ್ಕಾಗಿ ಊರಿನ ಮಕ್ಕಳು ಓಡುವ ಹೊಯ್ಗೆ ಹೋಗಬೇಕೇ?

ಕೋಣೆ ಸ್ವಚ್ಛ ಮಾಡಲು ಬರುತ್ತಿದ್ದಾಕೆ ಫಿಲಿಪೀನ್ಸ್ ಮೂಲದವಳು, ನನ್ನ ವಯಸ್ಸಿನವಳೇ. ಹೊರಡುವ ದಿನ ನಾನು ಮಡಚಿಟ್ಟ ಹಾಸಿಗೆಬಟ್ಟೆ ನೋಡಿ 'ನೀವು ಟೀಚರಾ?' ಎಂದು ಕೇಳಿದಳು. ಹೇಗೆ ಗೊತ್ತಾಯಿತೋ! ಲಹೈನಾದಲ್ಲಿ ಅವಳದೊಂದು ಬಾಡಿಗೆಮನೆ ಇತ್ತಂತೆ. 2023ರ ಆಗಸ್ಟ್ 8ರ ಬೆಂಕಿಯಲ್ಲಿ ಹೋಯಿತು. ಆ ಬೆಂಕಿಯಲ್ಲಿ 102 ಜನ ಸತ್ತರು, 2,200ಕ್ಕೂ ಹೆಚ್ಚು ಕಟ್ಟಡಗಳು ನಾಶವಾದವು, ಸುಮಾರು 12,000 ಜನ ನೆಲೆ ತಪ್ಪಿದರು. ಒಂದು ಕಾಲಕ್ಕೆ ಹವಾಯಿ ಅರಸರ ರಾಜಧಾನಿಯಾಗಿದ್ದ ಊರು ಅದು. ಅಲ್ಲಿನ ಪ್ರಸಿದ್ಧ ಆಲದಮರ 1873ರಲ್ಲಿ ನೆಟ್ಟದ್ದು, ಸಸಿ ಹೋದದ್ದು ನಮ್ಮ ಭಾರತದಿಂದ. ಅರೆಬೆಂದರೂ ಮತ್ತೆ ಚಿಗುರಿದೆ. ಆಕೆ ಈಗ ದ್ವೀಪದ ಆಚೆ ಬದಿಯಲ್ಲಿ ತಂಗಿಯ ಮನೆಯ ಒಂದು ಕೋಣೆಯಲ್ಲಿದ್ದಾಳೆ. ಬೆಳಗ್ಗೆ ಕತ್ತಲಲ್ಲೇ ಹೊರಟು ಬಂದು ಸಾಲು ಸಾಲು ಮನೆಗಳಲ್ಲಿ, ಯಾರೂ ವಾಸವಿಲ್ಲದ ಮನೆಗಳಲ್ಲಿ, ಹಾಸಿಗೆ ಹಾಸುತ್ತಾಳೆ. ಒಂದು ದಿನವಾದರೂ ಈ ಬಾಲ್ಕನಿಯಲ್ಲಿ ಕುಳಿತಿದ್ದೀಯಾ ಎಂದೆ. ಹೊತ್ತೆಲ್ಲಿ, ಒಂದು ಮನೆಗೆ ಎರಡು ಗಂಟೆ ಎಂದಳು.

ಇದನ್ನು ಮಾವಿಯ ಆಡಳಿತದವರೂ ಕಂಡಿದ್ದಾರೆ. 2024ರ ಮೇಯಲ್ಲಿ ಮೇಯರ್ ರಿಚರ್ಡ್ ಬಿಸ್ಸೆನ್, ಅಪಾರ್ಟ್‌ಮೆಂಟ್ ವಲಯದಲ್ಲಿದ್ದೂ ಪ್ರವಾಸಿಗಳಿಗೆ ಬಾಡಿಗೆಗೆ ಹೋಗುತ್ತಿರುವ ಸುಮಾರು 7,000 ಮನೆಗಳನ್ನು ಹಂತಹಂತವಾಗಿ ವಾಸದ ಮನೆಗಳಾಗಿ ಬದಲಿಸುವ ಮಸೂದೆ ಮುಂದಿಟ್ಟರು. ಗದ್ದಲವೋ ಗದ್ದಲ. ಒಂದೂವರೆ ವರ್ಷದ ಮೇಲೆ, 2025ರ ಡಿಸೆಂಬರಿನಲ್ಲಿ ಕೌನ್ಸಿಲ್ ಒಪ್ಪಿತು. ಕೆಲವು ಕಟ್ಟಡಗಳಿಗೆ ವಿನಾಯಿತಿ ಕೊಡಬೇಕೆಂಬ ಮಾತೂ ಜೊತೆಗೇ ಎದ್ದಿತ್ತು.

ಅಳಿಯ ಬುದ್ಧಿವಂತರು, ಸುಮ್ಮನೆ ಬಿಡುವವರಲ್ಲ. 'ಅತ್ತೆ, ನೀವು ಹೇಳುವ ಹಾಗೆ ಪ್ರವಾಸಿಗಳನ್ನು ಓಡಿಸಿದರೆ ಆ ಕೆಲಸದಾಕೆಗೇ ಕೆಲಸ ಹೋಗುತ್ತದಲ್ಲ?' ಎಂದರು. ಮಾತಿನಲ್ಲಿ ಹುರುಳಿದೆ. ಹವಾಯಿ ವಿಶ್ವವಿದ್ಯಾಲಯದ ಆರ್ಥಿಕ ಸಂಶೋಧಕರು 2025ರಲ್ಲಿ ಕೊಟ್ಟ ವರದಿಯಲ್ಲೂ ಈ ಕ್ರಮದಿಂದ ಸುಮಾರು 1,900 ಉದ್ಯೋಗ ಹೋಗಬಹುದೆಂಬ ಅಂದಾಜಿದೆ. ಆದರೆ ಅದೇ ವರದಿ ಊರಿನ ವಾಸದ ಮನೆಗಳು ನೂರಕ್ಕೆ 13ರಷ್ಟು ಹೆಚ್ಚುತ್ತವೆ, ಕಾಂಡೋ ಬೆಲೆ ನೂರಕ್ಕೆ 20ರಿಂದ 40 ಇಳಿಯುತ್ತದೆ ಎಂದೂ ಹೇಳುತ್ತದೆ. ವಿರೋಧಿಸುವವರು ಮೊದಲ ಅಂಕಿಯನ್ನು ಕೂಗಿ ಹೇಳುತ್ತಾರೆ, ಕೊನೆಯ ಅಂಕಿಗೆ ಹೆದರುತ್ತಾರೆ. ಪ್ರವಾಸಿಗಳಿಗೆ ಹೊಟೇಲುಗಳಿವೆ. ಅಲ್ಲಿ ಕೆಲಸಕ್ಕೆ ಯೂನಿಯನ್ ಇದೆ. ನನ್ನಂಥವಳು ಹೋದರೆ ಒಲೆಯ ಮುಂದೆ ನಿಲ್ಲಬೇಕಾಗಿಯೂ ಇಲ್ಲ. ಮನೆಯೆಂದು ಕಟ್ಟಿದ್ದು ಮನೆಯಾಗಲಿ. ತೀರಾ ದಂಡೆಯಂಚಿನಲ್ಲಿ ನಿಂತು ಗೋಡೆಯ ಬಲದಿಂದ ಉಸಿರಾಡುವಂಥವನ್ನು ಕೆಡವಿ ಕಡಲಿಗೆ ಅದರ ಜಾಗ ಬಿಡಲಿ. ಅಂಥವುಗಳ ಆಯುಸ್ಸು ಹೇಗೂ ಮುಗಿಯುತ್ತ ಬಂದಿದೆ. ಗೋಡೆ ಕಟ್ಟಲು ಸುರಿಯುವ ಹಣವನ್ನು ಒಳನಾಡಿನಲ್ಲಿ ಕಟ್ಟಲು ಹಾಕಬಹುದು.

ದೂರದ ದ್ವೀಪದ ಗೋಡೆಯ ಬಗ್ಗೆ ಇವಳಿಗೇಕೆ ಇಷ್ಟು ಎನ್ನುವವರು ಮಳೆಗಾಲದಲ್ಲಿ ಒಮ್ಮೆ ಮರವಂತೆಗೆ ಬನ್ನಿ. ಒಂದು ಮಗ್ಗುಲಲ್ಲಿ ಸೌಪರ್ಣಿಕೆ, ಇನ್ನೊಂದರಲ್ಲಿ ಕಡಲು, ನಡುವೆ ಹೆದ್ದಾರಿ 66. ಕಡಲ್ಕೊರೆತ ಎಂದ ಕೂಡಲೇ ಲಾರಿಗಳಲ್ಲಿ ಕಲ್ಲು ಬರುತ್ತದೆ. ಅಲ್ಲಿ ಉಳಿಸಬೇಕಾದದ್ದು ರಸ್ತೆ ಮತ್ತು ಮೀನುಗಾರರ ಮನೆಗಳು, ಆದ್ದರಿಂದ ಆ ಕಲ್ಲಿಗೆ ಒಂದು ನ್ಯಾಯವಿದೆ. ಆದರೂ ದೋಣಿ ಎಳೆದಿಡಲು ಹೊಯ್ಗೆ ಉಳಿದಿಲ್ಲ ಎಂದು ಮೀನು ತರುವಾಕೆ ನನ್ನ ಹತ್ತಿರ ಗೊಣಗಿದ್ದಾಳೆ. ಈಗ ನಮ್ಮ ದಂಡೆಯುದ್ದಕ್ಕೂ ಬೆಂಗಳೂರಿನ ಹಣದಲ್ಲಿ ಬೀಚ್ ರೆಸಾರ್ಟುಗಳು ಏಳುತ್ತಿವೆ. ಅವಕ್ಕೂ ಒಂದು ದಿನ ತುಕ್ಕು ಹಿಡಿಯುತ್ತದೆ, ಆಗ ಅವರೂ ಕಲ್ಲು ಕೇಳುತ್ತಾರೆ. ಆ ಕಲ್ಲಿಗೆ ಯಾವ ನ್ಯಾಯ?

ಮಗಳಿಗೆ ಕಾಗದ ಬರೆದಿದ್ದೇನೆ. ಕೊಳ್ಳುವುದು ಬಿಡುವುದು ನಿಮಗೆ ಬಿಟ್ಟದ್ದು, ಆದರೆ ಮುಂಗಡ ಕೊಡುವ ಮೊದಲು ನಾಲ್ಕು ಸಂಗತಿ ಕೇಳಿ ತಿಳಿದುಕೊಳ್ಳಿ: ಸಂಘದ ದುರಸ್ತಿ ನಿಧಿಯಲ್ಲಿ ಎಷ್ಟಿದೆ, ಸರಳುಗಳನ್ನು ಕೊನೆಯ ಸಲ ಪರೀಕ್ಷಿಸಿದ್ದು ಯಾವಾಗ, ಗೋಡೆಗೆ ಸರ್ಕಾರ ಕೊಟ್ಟ ಅನುಮತಿ ಎಷ್ಟು ವರ್ಷದ್ದು, ಕೋಣೆ ಗುಡಿಸುವವರು ರಾತ್ರಿ ಮಲಗುವುದೆಲ್ಲಿ. ಮೊದಲ ಎರಡಕ್ಕೆ ಏಜೆಂಟನಿಂದ ಉತ್ತರ ತರಿಸಿಕೊಂಡಿದ್ದಾಳೆ. ಮೂರನೆಯದಕ್ಕೆ ಕಾಗದಪತ್ರ ಹುಡುಕುತ್ತಿದ್ದಾರಂತೆ.