ಒಂದು ಕಪ್ ಕಾಫಿ, ಎರಡು ತಾಸು ಓದು

ಧಾರವಾಡದ ಸಪ್ತಾಪುರ ಬಾವಿಯ ಸುತ್ತಮುತ್ತ ಒಮ್ಮೆ ಅಡ್ಡಾಡಿ ಬಂದರೆ ಅಲ್ಲಿಯ ಬದುಕು ಏನೆಂಬುದು ಬೋರ್ಡುಗಳಿಂದಲೇ ತಿಳಿಯುತ್ತದೆ. ಕೋಚಿಂಗ್ ಸೆಂಟರು, ಝೆರಾಕ್ಸ್ ಅಂಗಡಿ, ಸ್ಪರ್ಧಾತ್ಮಕ ಪರೀಕ್ಷೆಗಳ ಪುಸ್ತಕದಂಗಡಿ, ಖಾನಾವಳಿ, ‘ರೂಮು ಬಾಡಿಗೆಗೆ ಇದೆ’ ಎಂಬ ಚೀಟಿ, ಮತ್ತೆ ಕೋಚಿಂಗ್ ಸೆಂಟರು. 1917ರಲ್ಲಿ ಆರಂಭವಾದ ಕರ್ನಾಟಕ ಕಾಲೇಜು ಹತ್ತಿರದಲ್ಲೇ ಇದೆ. ವಿಶ್ವವಿದ್ಯಾಲಯವೂ ಬಹಳ ದೂರವಿಲ್ಲ. ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ, ರಾಯಚೂರು ಕಡೆಯ ಮಕ್ಕಳು ಪಿ.ಎಸ್.ಐ., ಎಫ್.ಡಿ.ಎ., ಕೆ.ಎ.ಎಸ್., ಶಿಕ್ಷಕರ ಅರ್ಹತಾ ಪರೀಕ್ಷೆ ಎಂದು ವರ್ಷಗಟ್ಟಲೆ ಇಲ್ಲಿ ಉಳಿಯುತ್ತಾರೆ. ಊರಿನಿಂದ ತಾಯಂದಿರು ಬಸ್ಸಿಗೆ ಹಾಕಿ ಕಳಿಸುವ ರೊಟ್ಟಿ ಬುತ್ತಿಯ ಮೇಲೆ ಎಷ್ಟೋ ಮಂದಿಯ ಓದು ಸಾಗುತ್ತದೆ.

ಇವರೆಲ್ಲರಿಗೂ ಇರುವ ಒಂದು ಸಾಮಾನ್ಯ ತೊಂದರೆಯೆಂದರೆ ಕೂಡಲು ಜಾಗ. ಹತ್ತಡಿಗೆ ಹತ್ತಡಿ ರೂಮಿನಲ್ಲಿ ಮೂವರು. ಒಬ್ಬ ಓದುವಾಗ ಇನ್ನೊಬ್ಬ ಫೋನಿನಲ್ಲಿ ಮಾತಾಡುತ್ತಾನೆ, ಮತ್ತೊಬ್ಬ ಮಲಗಿರುತ್ತಾನೆ. ತಿಂಗಳ ಬಾಡಿಗೆಯ ರೀಡಿಂಗ್ ರೂಮುಗಳಿವೆ, ಆದರೆ ಅದು ಇನ್ನೊಂದು ಖರ್ಚು. ಹಾಗಾಗಿ ಪುಸ್ತಕ ಹಿಡಿದು ಕಾಫಿ ಅಂಗಡಿಗೋ ಚಹಾದ ಅಂಗಡಿಗೋ ಹೋಗಿ ಕೂಡುವವರ ಸಂಖ್ಯೆ ಕಡಿಮೆಯೇನಿಲ್ಲ. ಈ ಸುದ್ದಿ ಊರು ಮುಟ್ಟಿದ ಕೂಡಲೇ ಫೋನು ಬರುತ್ತದೆ: “ಅಲ್ಲೋ ತಮ್ಮಾ, ಹೋಟೆಲ್‌ದಾಗ ಕುಂತು ಏನ ಓದತೀಯೋ? ಓದಾಕ ಕಳಿಸೀವೋ, ಚಾ ಕುಡ್ಯಾಕ ಕಳಿಸೀವೋ?”

ಪಾಲಕರ ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಮಕ್ಕಳ ಅಗತ್ಯವೂ ಸುಳ್ಳಲ್ಲ. ಕಾಫಿ ಅಂಗಡಿಯಲ್ಲಿ ಓದು ಆಗುತ್ತದೆಯೇ? ಆಗುವುದಾದರೆ ಎಂಥ ಅಂಗಡಿ, ಎಂಥ ಓದು, ಎಷ್ಟು ಹೊತ್ತಿಗೆ? ಈ ವಾರ ಇದನ್ನೇ ವಿಚಾರ ಮಾಡೋಣ.

ಕಾಫಿಗೂ ವಿದ್ಯೆಗೂ ಇರುವ ನಂಟು ಇಂದಿನದಲ್ಲ. ಇಂಗ್ಲೆಂಡಿನಲ್ಲಿ 1650ರ ಸುಮಾರಿಗೆ ಆಕ್ಸ್‌ಫರ್ಡಿನಲ್ಲಿ, 1652ರಲ್ಲಿ ಲಂಡನ್ನಿನಲ್ಲಿ ಕಾಫಿ ಮನೆಗಳು ಶುರುವಾದವು. ಒಂದು ಪೆನ್ನಿ ಕೊಟ್ಟರೆ ಕಾಫಿಯ ಜೊತೆಗೆ ಪತ್ರಿಕೆ ಓದಬಹುದಿತ್ತು, ಬಲ್ಲವರ ಮಾತು ಕೇಳಬಹುದಿತ್ತು. ಅದಕ್ಕೇ ಜನ ಅವನ್ನು ‘ಪೆನ್ನಿ ವಿಶ್ವವಿದ್ಯಾಲಯ’ ಎಂದು ಕರೆದರು. ನಮ್ಮ ನಾಡಿನಲ್ಲಿ ಬಾಬಾ ಬುಡನ್ ಅವರು ಏಳು ಕಾಫಿ ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ನೆಟ್ಟರೆಂಬ ಪ್ರತೀತಿ ಎಲ್ಲರಿಗೂ ಗೊತ್ತು. 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇ ಮೊದಲ ಅಂಗಡಿ ತೆರೆದಾಗ ಅಲ್ಲಿ ಕಾಫಿಯ ಜೊತೆಗೆ ಇಂಟರ್ನೆಟ್ಟೂ ಸಿಗುತ್ತಿತ್ತು. ಕಾಫಿ ಕುಡಿಯುತ್ತ ಕಂಪ್ಯೂಟರಿನ ಮುಂದೆ ಕೆಲಸ ಮಾಡುವ ರೂಢಿ ಆಗ ನಮ್ಮ ರಾಜ್ಯಕ್ಕೆ ಹೊಸದು.

ಧಾರವಾಡಕ್ಕೂ ತನ್ನದೇ ಆದ ಪರಂಪರೆಯಿದೆ. 1933ರಲ್ಲಿ ಜಿ.ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆಯ ‘ಅಟ್ಟ’ ಸುಭಾಸ ರಸ್ತೆಯಲ್ಲಿದೆ. ಸಾಹಿತಿಗಳು, ವಿದ್ಯಾರ್ಥಿಗಳು ಅಲ್ಲಿ ಕೂಡಿ ಹರಟಿ, ವಾದಿಸಿ ಬೆಳೆದರು. ಗಿರೀಶ ಕಾರ್ನಾಡರ ‘ಯಯಾತಿ’ 1961ರಲ್ಲಿ ಪ್ರಕಟವಾದದ್ದು ಈ ಗ್ರಂಥಮಾಲೆಯಿಂದಲೇ. ಆದರೆ ಒಂದು ಮಾತು ಗಮನಿಸಬೇಕು. ಅಟ್ಟದ ಮೇಲೆ ಚರ್ಚೆ ನಡೆಯುತ್ತಿತ್ತು. ಬರೆಯುವವರು ಬರೆಯಲಿಕ್ಕೆ ತಮ್ಮ ತಮ್ಮ ಕೋಣೆಗೆ ಹೋಗಬೇಕಾಗಿತ್ತು. ಕೂಡಿ ಮಾಡುವ ಅಭ್ಯಾಸ ಬೇರೆ, ಒಬ್ಬನೇ ಮಾಡುವ ಅಭ್ಯಾಸ ಬೇರೆ. ಜಾಗ ಆರಿಸುವವರು ಮೊದಲು ತಿಳಿಯಬೇಕಾದದ್ದು ಇದನ್ನೇ.

ಮನೋವಿಜ್ಞಾನಿಗಳು ಇದನ್ನು ಪರೀಕ್ಷಿಸಿ ನೋಡಿದ್ದಾರೆ. 1976ರಲ್ಲಿ ಕೋಲ್ ಮತ್ತು ವೆಲ್ಶ್ ಎಂಬಿಬ್ಬರು, ಹಿನ್ನೆಲೆಯಲ್ಲಿ ಮನುಷ್ಯರ ಮಾತು ಕೇಳುತ್ತಿದ್ದರೆ ಅಕ್ಷರಗಳ ಸಾಲನ್ನು ನೆನಪಿಡುವುದು ಕಷ್ಟವಾಗುತ್ತದೆಂದು ತೋರಿಸಿದರು. ಆ ಮಾತು ಕೇಳುವವರಿಗೆ ಅರ್ಥವಾಗದ ಭಾಷೆಯದಾಗಿದ್ದರೂ ಪರಿಣಾಮ ತಪ್ಪಲಿಲ್ಲ. ಇನ್ನೊಂದು ಕಡೆ 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸುಮಾರು 70 ಡೆಸಿಬಲ್ ಮಟ್ಟದ ಸಾಧಾರಣ ಗದ್ದಲ ಹೊಸ ವಿಚಾರ ಹೊಳೆಯುವಂಥ ಕೆಲಸಕ್ಕೆ ಅನುಕೂಲವಾಯಿತೆಂದೂ 85 ಡೆಸಿಬಲ್ ಆದಾಗ ಆ ಅನುಕೂಲ ಉಳಿಯಲಿಲ್ಲವೆಂದೂ ಕಂಡುಬಂತು.

ಇವೆರಡನ್ನೂ ಕೂಡಿಸಿ ನೋಡಿದರೆ ನಮಗೆ ಬೇಕಾದ ಸೂತ್ರ ಸಿಗುತ್ತದೆ. ಸಂವಿಧಾನದ ವಿಧಿಗಳು, ಇಸವಿಗಳು, ರಾಸಾಯನಿಕ ಸೂತ್ರಗಳು ಇಂಥವನ್ನು ಬಾಯಿಪಾಠ ಮಾಡಲು, ಕಠಿಣ ಪಾಠವನ್ನು ಮೊದಲ ಸಲ ಓದಲು ಕಾಫಿ ಅಂಗಡಿ ತಕ್ಕ ಜಾಗವಲ್ಲ. ಅದಕ್ಕೆ ಗ್ರಂಥಾಲಯವೇ ಆಗಬೇಕು, ಇಲ್ಲವೇ ಬೆಳಗಿನ ಐದು ಗಂಟೆಯ ರೂಮು. ಪ್ರಬಂಧಕ್ಕೆ ಅಂಶಗಳನ್ನು ಹೊಂದಿಸುವುದು, ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವುದು, ಗೆಳೆಯರು ಒಬ್ಬರಿಗೊಬ್ಬರು ಪ್ರಶ್ನೆ ಕೇಳುವುದು, ಓದಿದ್ದನ್ನು ಪುಸ್ತಕ ಮುಚ್ಚಿ ಬರೆಯುವುದು ಇವು ಅಂಗಡಿಯ ಮೇಜಿನ ಮೇಲೂ ಆಗುತ್ತವೆ.

ಈ ಕೊನೆಯ ಕೆಲಸವನ್ನು ವಿದ್ಯಾರ್ಥಿಗಳು ಹಗುರವಾಗಿ ಎಣಿಸಬಾರದು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬವರು ವಿದ್ಯಾರ್ಥಿಗಳಿಗೆ ಒಂದು ಪಾಠ ಓದಿಸಿದರು. ಕೆಲವರಿಗೆ ಅದನ್ನೇ ಮತ್ತೊಮ್ಮೆ ಓದಲು ಹೇಳಿದರು, ಉಳಿದವರಿಗೆ ನೋಡದೆ ಬರೆಯಲು ಹೇಳಿದರು. ಐದು ನಿಮಿಷದ ನಂತರ ಕೇಳಿದಾಗ ಮರಳಿ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ನೋಡದೆ ಬರೆದವರು ಮುಂದಾದರು. ಪರೀಕ್ಷೆ ಯಾವಾಗಲೂ ಐದು ನಿಮಿಷದ ನಂತರ ಬರುವುದಿಲ್ಲವಷ್ಟೇ!

ಜಾಗ ಬದಲಿಸುವುದರಿಂದಲೂ ಒಂದು ಲಾಭವಿದೆ. 1978ರ ಒಂದು ಪ್ರಯೋಗದಲ್ಲಿ ಪದಗಳ ಪಟ್ಟಿಯೊಂದನ್ನು ಒಂದೇ ಕೋಣೆಯಲ್ಲಿ ಎರಡು ಸಲ ಓದಿದವರಿಗಿಂತ, ಎರಡು ಬೇರೆ ಬೇರೆ ಕೋಣೆಗಳಲ್ಲಿ ಒಂದೊಂದು ಸಲ ಓದಿದವರು ಹೆಚ್ಚು ಪದಗಳನ್ನು ನೆನಪಿಟ್ಟಿದ್ದರು. ಬೆಳಿಗ್ಗೆ ಗ್ರಂಥಾಲಯದಲ್ಲಿ ಓದಿದ್ದನ್ನು ಸಂಜೆ ಕಾಫಿ ಅಂಗಡಿಯಲ್ಲಿ ಕುಳಿತು ನೋಡದೆ ಬರೆದರೆ ಎರಡೂ ಲಾಭ ಒಟ್ಟಿಗೇ ಆದಂತಾಯಿತು.

ಇನ್ನು ಅಂಗಡಿಯನ್ನು ಆರಿಸುವುದು ಹೇಗೆ? ಹೆಸರು ಕೇಳಿ ಹೋಗಬೇಡಿ, ಗೆಳೆಯ ಹೇಳಿದನೆಂದೂ ಹೋಗಬೇಡಿ. ನೀವೇ ಐದು ಪರೀಕ್ಷೆ ಮಾಡಿ.

ಮೊದಲನೆಯದು ಬೆಳಕು. ತೆರೆದ ನೋಟುಬುಕ್ಕಿನ ಮೇಲೆ ಕೈ ಇಟ್ಟು ಬರೆದು ನೋಡಿ. ಅಕ್ಷರದ ಮೇಲೆ ನಿಮ್ಮ ಕೈಯ ನೆರಳೇ ಬೀಳುತ್ತಿದ್ದರೆ ಆ ಮೇಜು ಬೇಡ. ಬಲಗೈಯಿಂದ ಬರೆಯುವವರಿಗೆ ಕಿಟಕಿ ಎಡಕ್ಕಿರಬೇಕು. ಬಲ್ಬಿನಿಂದ ದೂರ ಎರಡು ಪಟ್ಟಾದರೆ ಬೆಳಕು ಅರ್ಧವಾಗುವುದಿಲ್ಲ, ಕಾಲುಭಾಗಕ್ಕೆ ಇಳಿಯುತ್ತದೆ. ಇದು ನೀವು ಶಾಲೆಯಲ್ಲಿ ಕಲಿತ ವಿಲೋಮ ವರ್ಗ ನಿಯಮ. ಚಂದ ಕಾಣಲೆಂದು ಮಂದ ದೀಪ ಹಾಕಿದ ಅಂಗಡಿಗಳು ಹರಟೆಗೆ ಸರಿ, ಓದಿಗಲ್ಲ.

ಎರಡನೆಯದು ಶಬ್ದ. ಮೂರಡಿ ದೂರದಲ್ಲಿ ಕುಳಿತ ಗೆಳೆಯನೊಡನೆ ಮಾತಾಡಲು ದನಿ ಎತ್ತಬೇಕಾಗಿ ಬಂದರೆ ಅಲ್ಲಿಯ ಗದ್ದಲ 85 ಡೆಸಿಬಲ್ಲಿನ ಹತ್ತಿರವಿದೆ ಎಂದು ತಿಳಿಯಿರಿ. ಎದ್ದು ಬನ್ನಿ. ಮಿಕ್ಸರಿನ ಪಕ್ಕ, ರಸ್ತೆಯ ಅಂಚು, ಹಾಡು ಹಾಕಿದ ಸ್ಪೀಕರಿನ ಕೆಳಗೆ ಈ ಮೂರು ಜಾಗ ಬಿಟ್ಟು ಕೂಡಬೇಕು.

ಮೂರನೆಯದು ಮೇಜು-ಕುರ್ಚಿ. ಮೊಣಕೈ ಮೇಜಿನ ಮೇಲೆ ಸಹಜವಾಗಿ ಕೂಡಬೇಕು, ಪಾದ ನೆಲಕ್ಕೆ ತಾಗಬೇಕು. ಹೂತುಹೋಗುವ ಸೋಫಾದಲ್ಲಿ ಕಾಲು ತಾಸಿಗೇ ನಿದ್ದೆ ಬರುತ್ತದೆ.

ನಾಲ್ಕನೆಯದು ಹೊತ್ತು. ಒಂದೇ ಅಂಗಡಿ ಬೆಳಿಗ್ಗೆ ಹನ್ನೊಂದಕ್ಕೆ ಖಾಲಿ ಇರುತ್ತದೆ, ಸಂಜೆ ಆರಕ್ಕೆ ಕಾಲಿಡಲು ಜಾಗವಿರುವುದಿಲ್ಲ. ಮೂರು ದಿನ ಮೂರು ಹೊತ್ತು ಹೋಗಿ ನೋಡಿ ನಿರ್ಧರಿಸಿ.

ಐದನೆಯದು ಲೆಕ್ಕ. ಒಂದು ಕಪ್ಪಿಗೆ 15 ರೂಪಾಯಿ ಎಂದು ಹಿಡಿಯೋಣ. ದಿನಕ್ಕೆ ನಾಲ್ಕು ಕಪ್ಪಾದರೆ 60, ತಿಂಗಳಿಗೆ 1,800. ಕಪ್ಪಿಗೆ 150 ರೂಪಾಯಿಯ ತಂಪು ಹವೆಯ ಅಂಗಡಿಯಲ್ಲಿ ದಿನಕ್ಕೊಂದೇ ಕುಡಿದರೂ ತಿಂಗಳಿಗೆ 4,500. ಅಷ್ಟರಲ್ಲಿ ರೀಡಿಂಗ್ ರೂಮಿನ ಬಾಡಿಗೆ ಎಷ್ಟಾಗುತ್ತದೆಂದು ಕೇಳಿಕೊಂಡು ಬನ್ನಿ. ಅನೇಕ ಸಲ ಅದೇ ಅಗ್ಗವಾದೀತು. ಅದಕ್ಕಾಗಿ ಮುಖ್ಯ ಓದಿಗೆ ಒಂದು ಕಾಯಂ ಜಾಗ, ದಿನಕ್ಕೊಮ್ಮೆ ಎರಡು ತಾಸು ಮಾತ್ರ ಅಂಗಡಿ ಎಂಬ ಹೊಂದಾಣಿಕೆ ಬಡವರ ಮಕ್ಕಳಿಗೆ ಒಳ್ಳೆಯದು.

ಈಗ ಕಪ್ಪಿನ ಒಳಗೆ ಇರುವುದನ್ನು ನೋಡೋಣ. ಕಾಫಿ ಬೀಜದಿಂದ ಕೆಫೀನನ್ನು 1819ರಲ್ಲಿ ಬೇರ್ಪಡಿಸಿದವನು ಜರ್ಮನಿಯ ರುಂಗೆ ಎಂಬ ರಸಾಯನಶಾಸ್ತ್ರಜ್ಞ. ನಾವು ಎಚ್ಚರವಿದ್ದಷ್ಟು ಹೊತ್ತೂ ಮೆದುಳಿನಲ್ಲಿ ಅಡಿನೋಸಿನ್ ಎಂಬ ವಸ್ತು ಸಂಗ್ರಹವಾಗುತ್ತ ಹೋಗುತ್ತದೆ. ಅದು ತನ್ನ ಗ್ರಾಹಕಗಳಲ್ಲಿ ಕುಳಿತಾಗ ನಿದ್ದೆ ಬರುತ್ತದೆ. ಕೆಫೀನಿನ ಅಣು ನೋಡಲು ಅಡಿನೋಸಿನ್‌ನಂತೆಯೇ ಇರುವುದರಿಂದ ಅದು ಹೋಗಿ ಆ ಜಾಗದಲ್ಲಿ ಕೂತುಬಿಡುತ್ತದೆ. ಕೀಲಿಯ ರಂಧ್ರದಲ್ಲಿ ಬೇರೆ ಕೀಲಿಕೈ ತುರುಕಿದ ಹಾಗೆ. ಬೀಗ ತೆರೆಯುವುದಿಲ್ಲ, ಸರಿಯಾದ ಕೀಲಿಕೈಗೂ ಜಾಗ ಸಿಗುವುದಿಲ್ಲ. ಅಂದರೆ ಕಾಫಿ ದಣಿವನ್ನು ಕಳೆಯುವುದಿಲ್ಲ, ದಣಿವಿನ ಸುದ್ದಿ ಮೆದುಳಿಗೆ ಮುಟ್ಟದಂತೆ ಕೆಲ ಕಾಲ ತಡೆಯುತ್ತದೆ.

ಎಷ್ಟು ಕಾಲ? ಪಿಯುಸಿಯಲ್ಲಿ ವಿಕಿರಣಶೀಲತೆಯ ಅರ್ಧಾಯುಷ್ಯ ಕಲಿತವರು ಇಲ್ಲಿ ಅದನ್ನೇ ಬಳಸಬಹುದು. ಕೆಫೀನಿನ ಅರ್ಧಾಯುಷ್ಯ ದೊಡ್ಡವರ ದೇಹದಲ್ಲಿ ಸುಮಾರು 5 ತಾಸು. ಒಬ್ಬೊಬ್ಬರಲ್ಲಿ ಹೆಚ್ಚುಕಡಿಮೆ ಇರುತ್ತದೆ. ಸಂಜೆ 6ಕ್ಕೆ 100 ಮಿಲಿಗ್ರಾಂ ಒಳಹೋದರೆ ರಾತ್ರಿ 11ಕ್ಕೆ 50, ಬೆಳಗಿನ 4ಕ್ಕೆ 25 ಮಿಲಿಗ್ರಾಂ ದೇಹದಲ್ಲಿ ಉಳಿದಿರುತ್ತದೆ. ನಿದ್ದೆಯ ಆಳ ಕಡಿಮೆಯಾಗುತ್ತದೆ. ಹಗಲು ಓದಿದ್ದು ಮೆದುಳಿನಲ್ಲಿ ನೆಲೆಗೊಳ್ಳುವುದು ನಿದ್ದೆಯಲ್ಲೇ. ಆದಕಾರಣ ರಾತ್ರಿ ಹನ್ನೊಂದಕ್ಕೆ ಮಲಗುವವರು ಮಧ್ಯಾಹ್ನ ಮೂರರ ಒಳಗೆ ಕೊನೆಯ ಕಪ್ಪು ಮುಗಿಸುವುದು ಮೇಲು. ಸಂಜೆ ಅಂಗಡಿಗೆ ಹೋಗುವವರು ಬಾದಾಮಿ ಹಾಲನ್ನೋ ಲಿಂಬು ಶರಬತ್ತನ್ನೋ ಕೇಳಲಿ. ಮೇಜು ಸಿಗಬೇಕಾದರೆ ಕಾಫಿಯೇ ಆಗಬೇಕೆಂಬ ನಿಯಮವೇನಿಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗದರ್ಶಿಯಲ್ಲಿ ದಿನಕ್ಕೆ 300 ಮಿಲಿಗ್ರಾಂ ಕೆಫೀನಿನ ಮಿತಿ ಹೇಳಿದೆ. 150 ಮಿಲಿಲೀಟರಿನ ಒಂದು ಕಪ್ಪಿಗೆ ಬೀಜದ ಪುಡಿಯಿಂದ ಇಳಿಸಿದ ಕಾಫಿಯಲ್ಲಿ 80ರಿಂದ 120, ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65, ಚಹಾದಲ್ಲಿ 30ರಿಂದ 65 ಮಿಲಿಗ್ರಾಂ ಎಂಬುದು ಅದೇ ಸಂಸ್ಥೆಯ ಲೆಕ್ಕ. ನಮ್ಮ ಕಡೆ ಹೆಚ್ಚಿನವರು ಕುಡಿಯುವುದು ಸಣ್ಣ ಗ್ಲಾಸಿನ ಚಹಾ. ಆದರೆ ಎಂಟು ಹತ್ತು ಗ್ಲಾಸಾದರೆ ಅದೂ ಮಿತಿ ಮುಟ್ಟುತ್ತದೆ. ಊಟಕ್ಕೆ ಒಂದು ತಾಸು ಮೊದಲು ಮತ್ತು ನಂತರ ಚಹಾ ಕಾಫಿ ಬೇಡವೆಂದೂ ಅದು ಹೇಳುತ್ತದೆ. ಅವುಗಳಲ್ಲಿಯ ಟ್ಯಾನಿನ್ ಆಹಾರದಲ್ಲಿಯ ಕಬ್ಬಿಣದ ಅಂಶವನ್ನು ಹಿಡಿದಿಟ್ಟು ಮೈಗೆ ಹತ್ತಗೊಡುವುದಿಲ್ಲ. ರೊಟ್ಟಿ, ಮೆಂತ್ಯೆ ಪಲ್ಯ, ಕಾಳಿನ ಪಲ್ಯ ಕಳಿಸಿದ ತಾಯಿಯ ಶ್ರಮದ ಒಂದು ಪಾಲು ಊಟದ ಮೇಲಿನ ಚಹಾದಿಂದ ವ್ಯರ್ಥವಾಗುತ್ತದೆ. ರಕ್ತಹೀನತೆ ಹೆಚ್ಚಾಗಿ ಕಾಣುವ ಹೆಣ್ಣುಮಕ್ಕಳು ಇದನ್ನು ಮುಖ್ಯವಾಗಿ ನೆನಪಿಡಬೇಕು.

ಅಂಗಡಿಯವನ ಹೊಟ್ಟೆಪಾಡನ್ನೂ ಮರೆಯಬಾರದು. ಒಂದು ಚಹಾ ತೆಗೆದುಕೊಂಡು ನಾಲ್ವರ ಮೇಜಿನಲ್ಲಿ ಒಬ್ಬನೇ ಮೂರು ತಾಸು ಕೂತರೆ ಅವನ ಗಿರಾಕಿ ಹೊರಗೆ ನಿಲ್ಲುತ್ತಾನೆ. ಸಣ್ಣ ಮೇಜು ಹಿಡಿಯಿರಿ, ತಾಸಿಗೊಮ್ಮೆ ಏನಾದರೂ ತೆಗೆದುಕೊಳ್ಳಿ, ಮಂದಿ ಹೆಚ್ಚಾದರೆ ಎದ್ದುಬಿಡಿ. “ಅಣ್ಣಾರ, ಮುಂಜಾನೆ ಹನ್ನೊಂದರಿಂದ ಒಂದರ ತನಕಾ ಇಲ್ಲಿ ಕೂಡ್ಲೇನ್ರೀ?” ಎಂದು ಮೊದಲೇ ಕೇಳಿದರೆ ಇಲ್ಲವೆನ್ನುವವರು ವಿರಳ.

ಪಾಲಕರಿಗೆ ಇನ್ನೊಂದು ಮಾತು. ಮಗ ಅಂಗಡಿಯಲ್ಲಿ ಕೂತು ಓದಿದರೆ ಗೊಣಗಿ ಸುಮ್ಮನಾಗುವವರು ಮಗಳ ವಿಷಯಕ್ಕೆ ಬಂದರೆ ಖಂಡಿತ ಬೇಡ ಎನ್ನುತ್ತಾರೆ. ಅವಳ ರೂಮಿನಲ್ಲೂ ಮೂವರೇ ಇರುತ್ತಾರೆ, ಅವಳ ಪರೀಕ್ಷೆಯೂ ಅದೇ. ರಸ್ತೆ ಬದಿಯ ಚಹಾದಂಗಡಿಯಲ್ಲಿ ಗಂಡಸರ ನಡುವೆ ಕೂಡಲು ಅವಳಿಗೂ ಮನಸ್ಸಿರುವುದಿಲ್ಲ. ಹಾಗೆಂದು ಬೇಡ ಎಂದು ಮುಗಿಸಿಬಿಟ್ಟರೆ ಅವಳ ಓದಿಗೆ ಉಳಿಯುವುದು ಹಾಸಿಗೆಯ ಮೂಲೆ ಮಾತ್ರ. ಬೆಳಕಿರುವ, ಕುಟುಂಬದವರು ಬಂದು ಹೋಗುವ, ಶೌಚಾಲಯವಿರುವ, ಕತ್ತಲಾಗುವ ಮೊದಲು ರೂಮು ಮುಟ್ಟಬಹುದಾದ ಅಂಗಡಿ ಇಂಥ ಬಡಾವಣೆಯಲ್ಲಿ ಹುಡುಕಿದರೆ ಸಿಗುತ್ತದೆ. ಇಬ್ಬರು ಗೆಳತಿಯರು ಕೂಡಿ ಹೋಗಲಿ.

ಮುಂದಿನ ಸಲ ಧಾರವಾಡಕ್ಕೆ ಬಂದಾಗ ಬುತ್ತಿ ಕೊಟ್ಟು ಸಂಜೆಯ ಬಸ್ಸು ಹಿಡಿಯುವ ಅವಸರ ಮಾಡಬೇಡಿ. ಮಗನೋ ಮಗಳೋ ಓದಲು ಕೂಡುವ ಆ ಮೇಜಿನ ಹತ್ತಿರ ಅರ್ಧ ತಾಸು ನೀವೂ ಕೂಡಿರಿ. ಬೆಳಕು ಹೇಗಿದೆ, ಸುತ್ತಲಿನ ಜನ ಎಂಥವರು ನೋಡಿರಿ. ಒಂದು ಹಾಳೆ ಕೊಟ್ಟು, “ಇವತ್ತು ಓದಿದ್ದನ್ನ ನೋಡಲಾರದ ಬರಿ” ಎಂದು ಹೇಳಿರಿ. ಆ ಹಾಳೆ ತುಂಬಿದರೆ ಜಾಗದ ಚಿಂತೆ ಬೇಡ. ತುಂಬದಿದ್ದರೆ ಬಯ್ಯದೆ, ಬೇರೆ ಮೇಜು ಹುಡುಕಲು ಅವರ ಜೊತೆಗೆ ನಾಲ್ಕು ಹೆಜ್ಜೆ ನಡೆಯಿರಿ.